ಮಗುವಿನ ನ್ಯೂನತೆಯನ್ನು ಯಾರಿಂದ ಬಚ್ಚಿಡುತ್ತಿದ್ದೇವೆ?

ನನ್ನ ಪರಿಚಯದ ಮನೆಯೊಂದರಲ್ಲಿ ಕೆಲವು ವರ್ಷಗಳ ಹಿಂದೆ ಹೆಣ್ಣು ಮಗುವೊಂದು ಜನಿಸಿತು. ಅದು ಅಳುತ್ತಿದ್ದುದೇ ಅಪರೂಪ. ಹಾಲು ಕುಡಿಸಲೆಂದು ಎಬ್ಬಿಸಿದರೆ ಮಾತ್ರ ಏಳುತ್ತಿತ್ತು. ಇಷ್ಟು ಸಾಧು ಮಗುವನ್ನು ತಾನು ಕಂಡೇ ಇಲ್ಲವೆಂದು ಅಜ್ಜಿ ಬಂದವರೆದುರು ಹೇಳಿಕೊಳ್ಳುತ್ತಿದ್ದರು. ಹುಟ್ಟಿದಾಗಿನ ಕಾಮಾಲೆ ತಿಂಗಳಾದರೂ ಇಳಿದಿರಲಿಲ್ಲ. ನಾಲಿಗೆ ತುಸು ದಪ್ಪವಾಗಿ ಹೊರಚಾಚಿಕೊಂಡಿತ್ತು, ಅಳುವಿನ ದನಿ ಒಡಕಾಗಿತ್ತು. ತಾಯಿಗೆ ಅನುಮಾನವಿತ್ತು. ಆದರೆ ಆಶಾ ಕಾರ್ಯಕರ್ತೆ ಬಾಗಿಲಿಗೆ ಬಂದು ವಿಚಾರಿಸಿದಾಗಲೆಲ್ಲ ಒಳಗಿನಿಂದ ಬಂದ ಉತ್ತರ ಒಂದೇ: ಎಲ್ಲವೂ ಚೆನ್ನಾಗಿದೆ. ಆ ದಿನಗಳಲ್ಲಿ ಆ ಮನೆಯಲ್ಲಿ ಮಗುವಿನ ಸೋದರತ್ತೆಯ ನಿಕಾಹ್‌ನ ಮಾತುಕತೆ ನಡೆಯುತ್ತಿತ್ತು.

ಹತ್ತನೆಯ ತಿಂಗಳಲ್ಲಿ ಮಗು ಕುಳಿತುಕೊಳ್ಳದಿದ್ದಾಗ ರಕ್ತಪರೀಕ್ಷೆ ಮಾಡಿಸಲಾಯಿತು. ಹುಟ್ಟಿನಿಂದಲೇ ಥೈರಾಯ್ಡ್ ಗ್ರಂಥಿ ಕೆಲಸ ಮಾಡುತ್ತಿರಲಿಲ್ಲ. ನಮ್ಮ ದೇಶದಲ್ಲಿ ಹೆಚ್ಚುಕಡಿಮೆ ಸಾವಿರ ಮಕ್ಕಳಲ್ಲಿ ಒಂದಕ್ಕೆ ಈ ತೊಂದರೆ ಇರುತ್ತದೆ. ಹುಟ್ಟಿದ ಎರಡು ಮೂರು ದಿನಗಳ ಬಳಿಕ ಹಿಮ್ಮಡಿಯಿಂದ ತೆಗೆದ ಕೆಲವು ಹನಿ ರಕ್ತ ಸಾಕು, ಅದು ಗೊತ್ತಾಗುತ್ತದೆ. ಚಿಕಿತ್ಸೆಯೆಂದರೆ ದಿನಕ್ಕೊಂದು ಅಗ್ಗದ ಮಾತ್ರೆ, ಪುಡಿ ಮಾಡಿ ಒಂದು ಚಮಚ ತಾಯಿಹಾಲಿನಲ್ಲಿ ಕೊಡುವಂಥದ್ದು. ಎರಡು ವಾರಗಳೊಳಗೆ ಅದು ಆರಂಭವಾದರೆ ಮಗು ಇತರ ಮಕ್ಕಳಂತೆಯೇ ಬೆಳೆಯುತ್ತದೆ. ತಡವಾದಷ್ಟೂ ಬುದ್ಧಿಯ ಬೆಳವಣಿಗೆಗೆ ಆಗುವ ನಷ್ಟ ಹೆಚ್ಚು, ಆ ನಷ್ಟವನ್ನು ಮಾತ್ರೆ ಮರಳಿ ತುಂಬಿಕೊಡುವುದಿಲ್ಲ. ಸೋದರತ್ತೆಯ ನಿಕಾಹ್ ನಿಗದಿಯಾದ ದಿನದಂದೇ ನಡೆಯಿತು. ಅದರ ಬೆಲೆಯನ್ನು ತೆತ್ತವಳು ಆ ಮಗು.

ನಾನು ಆ ಮನೆಯವರನ್ನು ದೂಷಿಸಲು ಇದನ್ನು ಬರೆಯುತ್ತಿಲ್ಲ. ಅವರು ಮಗುವನ್ನು ಪ್ರೀತಿಸದವರಲ್ಲ. ಮನೆತನಕ್ಕೆ ಹೆಸರು ಬಂದೀತು, ಸಂಬಂಧ ತಪ್ಪಿಹೋದೀತು ಎಂಬ ಭಯ ನಮ್ಮ ಎಷ್ಟು ಮನೆಗಳಲ್ಲಿಲ್ಲ? ಆದರೆ ಈ ಭಯಕ್ಕೆ ನಾವು ಧರ್ಮದ ಬಣ್ಣ ಬಳಿಯುವುದನ್ನು ಕಂಡಾಗ ಸುಮ್ಮನಿರಲಾಗುವುದಿಲ್ಲ. ಒಬ್ಬರ ಕೊರತೆಯನ್ನು ಹೊರಗೆ ಹೇಳುವುದು ಗೀಬತ್ ಅಲ್ಲವೇ ಎಂದು ಕೇಳುವವರಿದ್ದಾರೆ. ಪರದೂಷಣೆಯ ನಿಷೇಧ ಬಹಳ ಕಟ್ಟುನಿಟ್ಟಾದದ್ದೆಂಬುದರಲ್ಲಿ ಸಂಶಯವಿಲ್ಲ. ಆದರೆ ನ್ಯಾಯಬದ್ಧ ಉದ್ದೇಶಕ್ಕಾಗಿ ಇನ್ನೊಬ್ಬರ ವಿಷಯ ಹೇಳಬಹುದಾದ ಆರು ಸಂದರ್ಭಗಳನ್ನು ಇಮಾಮ್ ನವವಿಯವರು ರಿಯಾದುಸ್ಸಾಲಿಹೀನ್‌ನಲ್ಲಿ ಪಟ್ಟಿ ಮಾಡಿದ್ದಾರೆ. ವಿವಾಹ ಸಂಬಂಧದ ಬಗ್ಗೆ ಸಲಹೆ ಕೇಳಿದವರಿಗೆ ನಿಜ ಹೇಳುವುದೂ ಅವುಗಳಲ್ಲಿ ಸೇರಿದೆ. ಹಾಗಿರುವಾಗ ಚಿಕಿತ್ಸೆಗಾಗಿ ವೈದ್ಯರಿಗೆ ಹೇಳುವುದು ಎಂದಿಗೂ ವಿವಾದದ ವಿಷಯವಾಗಿರಲಿಲ್ಲ.

ಪ್ರವಾದಿ ಮುಹಮ್ಮದ್(ಸ)ರ ಅನುಚರ ಅಬ್ದುಲ್ಲಾ ಇಬ್ನು ಉಮ್ಮಿ ಮಕ್ತೂಮ್‌(ರ)ರನ್ನು ನೆನೆಯಿರಿ. ಅವರು ಅಂಧರಾಗಿದ್ದರು. ಅಬಸ ಅಧ್ಯಾಯದ ಆರಂಭವು ಅವರ ವಿಷಯದಲ್ಲೇ ಅವತೀರ್ಣವಾಯಿತು. ಅವರು ಮದೀನಾದಲ್ಲಿ ಅದಾನ್ ಕೊಡುತ್ತಿದ್ದರು, ಪ್ರವಾದಿ(ಸ) ಹೊರಗೆ ತೆರಳಿದಾಗ ಹಲವು ಬಾರಿ ಊರಿನ ಹೊಣೆ ಅವರಿಗೇ ವಹಿಸಲ್ಪಟ್ಟಿತ್ತು. ಅವರ ಅಂಧತ್ವವನ್ನು ಯಾರೂ ಮುಚ್ಚಿಡಲಿಲ್ಲ. ಅದು ಎಲ್ಲರಿಗೂ ಗೊತ್ತಿದ್ದೇ ಅವರಿಗೆ ಗೌರವದ ಸ್ಥಾನ ದೊರೆಯಿತು.

ಗುರುತಿಸುವುದಷ್ಟೇ ಅಲ್ಲ, ದಾಖಲಿಸುವುದೂ ಏಕೆ ಮುಖ್ಯ ಎಂಬುದಕ್ಕೆ ಥಾಲಿಡೊಮೈಡ್‌ನ ಕತೆಗಿಂತ ದೊಡ್ಡ ಸಾಕ್ಷ್ಯ ಬೇಕಿಲ್ಲ. 1957ರಲ್ಲಿ ಪಶ್ಚಿಮ ಜರ್ಮನಿಯ ಮಾರುಕಟ್ಟೆಗೆ ಬಂದ ಈ ನಿದ್ರೆಯ ಮಾತ್ರೆಯನ್ನು ಗರ್ಭಿಣಿಯರೂ ಧಾರಾಳವಾಗಿ ಸೇವಿಸಿದರು. ಕೈಕಾಲುಗಳು ಬೆಳೆಯದ ಮಕ್ಕಳು ಒಂದೊಂದು ಊರಿನಲ್ಲಿ ಒಂದೊಂದಾಗಿ ಹುಟ್ಟತೊಡಗಿದವು. ಪ್ರತಿಯೊಂದು ಮನೆಯೂ ಅದು ತನ್ನೊಬ್ಬನ ಹಣೆಬರಹವೆಂದುಕೊಂಡಿತು. ಹ್ಯಾಂಬರ್ಗ್‌ನ ಮಕ್ಕಳ ವೈದ್ಯ ವಿಡುಕಿಂಡ್ ಲೆಂಝ್ ಮನೆಮನೆಯ ತಾಯಂದಿರನ್ನು ವಿಚಾರಿಸಿ ಲೆಕ್ಕ ಹಾಕಿದರು. ಸಿಡ್ನಿಯ ವಿಲಿಯಂ ಮೆಕ್‌ಬ್ರೈಡ್ ತಾನು ಕಂಡದ್ದನ್ನು ವೈದ್ಯಕೀಯ ಪತ್ರಿಕೆಗೆ ಪುಟ್ಟ ಪತ್ರವಾಗಿ ಬರೆದರು. 1961ರ ನವೆಂಬರ್‌ನಲ್ಲಿ ಜರ್ಮನಿಯಲ್ಲಿ ಮಾತ್ರೆಯನ್ನು ಹಿಂದೆಗೆದುಕೊಳ್ಳಲಾಯಿತು. ಅಷ್ಟರಲ್ಲಿ ಲೋಕದಾದ್ಯಂತ ಸಾವಿರಾರು ಮಕ್ಕಳು ಬಾಧಿತರಾಗಿದ್ದರು. ಜನ್ಮದೋಷಗಳನ್ನು ಬರೆದಿಡುವ ವ್ಯವಸ್ಥೆ ಹಲವು ದೇಶಗಳಲ್ಲಿ ಹುಟ್ಟಿಕೊಂಡದ್ದು ಆ ದುರಂತದ ಬಳಿಕವೇ. ಒಂದು ಮನೆಯ ಮೌನ ಇನ್ನೊಂದು ಮನೆಯ ಮಗುವಿಗೆ ಹೇಗೆ ಮುಳುವಾಗುತ್ತದೆಂಬುದನ್ನು ಆ ನಾಲ್ಕು ವರ್ಷಗಳು ತೋರಿಸಿಕೊಟ್ಟವು.

ನಮ್ಮಲ್ಲಿ ಆ ವ್ಯವಸ್ಥೆ ಇಲ್ಲವೆಂದಲ್ಲ. 2013ರಲ್ಲಿ ಆರಂಭವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದಡಿ ಸರಕಾರಿ ಹೆರಿಗೆ ಆಸ್ಪತ್ರೆಗಳಲ್ಲಿ ನವಜಾತ ಶಿಶುವಿನ ತಪಾಸಣೆ ನಡೆಯಬೇಕು, ಬಳಿಕ ಆರು ವಾರಗಳ ತನಕ ಆಶಾ ಕಾರ್ಯಕರ್ತೆ ಮನೆಗೆ ಬಂದು ನೋಡಬೇಕು. ವೈದ್ಯರ ತಂಡ ಅಂಗನವಾಡಿಗೆ ವರ್ಷಕ್ಕೆರಡು ಸಲ, ಸರಕಾರಿ ಮತ್ತು ಅನುದಾನಿತ ಶಾಲೆಗಳಿಗೆ ಒಂದು ಸಲ ಬರಬೇಕು. ಸೀಳುತುಟಿ, ವಕ್ರಪಾದ, ಕಣ್ಣಿನ ಪೊರೆ, ಕಿವುಡು, ಹೃದಯದ ದೋಷ, ಡೌನ್ ಸಿಂಡ್ರೋಮ್, ಬೆನ್ನುಹುರಿಯ ದೋಷ ಇವೆಲ್ಲ ಅವರ ಪಟ್ಟಿಯಲ್ಲಿವೆ. ಸಂಶಯವಿರುವ ಮಗುವನ್ನು ಜಿಲ್ಲಾ ಮಟ್ಟದ ಕೇಂದ್ರಕ್ಕೆ ಕಳುಹಿಸುತ್ತಾರೆ. ಕಾಗದದ ಮೇಲೆ ಇರುವುದೆಲ್ಲ ನೆಲದ ಮೇಲಿಲ್ಲ, ನಿಜ. ಆದರೂ ಬಂದ ಕಾರ್ಯಕರ್ತೆಗೆ ಬಾಗಿಲಲ್ಲೇ ಉತ್ತರ ಕೊಟ್ಟು ಕಳುಹಿಸುವವರು ವ್ಯವಸ್ಥೆಯನ್ನು ದೂರುವುದು ಹೇಗೆ? ಇನ್ನೊಂದು ಮಾತು. ಖಾಸಗಿ ಆಂಗ್ಲ ಮಾಧ್ಯಮ ಶಾಲೆಗೂ ವಸತಿ ಮದ್ರಸಗಳಿಗೂ ಹೋಗುವ ನಮ್ಮ ಮಕ್ಕಳು ಈ ತಂಡದ ಕಣ್ಣಿಗೆ ಬೀಳದೆ ಉಳಿಯುವ ಸಾಧ್ಯತೆ ಹೆಚ್ಚು. ಮಸೀದಿಯ ಆಡಳಿತ ಸಮಿತಿಗಳು ತಾಲೂಕು ಆರೋಗ್ಯಾಧಿಕಾರಿಗೆ ಒಂದು ಪತ್ರ ಬರೆದು ತಂಡವನ್ನು ಕರೆಸಲು ಯಾರ ಅಡ್ಡಿಯಿದೆ?

ಕೆಲವು ದೋಷಗಳಿಗೆ ಕಾಲವೇ ಔಷಧಿ, ಅದು ಜಾರಿದರೆ ಮತ್ತೆ ಸಿಗದು. ಕಣ್ಣಪಾಪೆಯಲ್ಲಿ ಬಿಳಿ ಕಂಡರೆ ವಾರಗಳ ಲೆಕ್ಕದಲ್ಲಿ ಶಸ್ತ್ರಚಿಕಿತ್ಸೆಯಾಗಬೇಕು. ವಕ್ರಪಾದವನ್ನು ಎಳೆಯ ಮೂಳೆ ಮೃದುವಾಗಿರುವಾಗ ವಾರಕ್ಕೊಮ್ಮೆ ಪಟ್ಟಿ ಬದಲಿಸುತ್ತಾ ನೇರ ಮಾಡುತ್ತಾರೆ. ಕಿವುಡನ್ನು ಒಂದು ತಿಂಗಳೊಳಗೆ ಶಂಕಿಸಿ, ಮೂರರೊಳಗೆ ಖಚಿತಪಡಿಸಿ, ಆರರೊಳಗೆ ಉಪಕರಣ ಮತ್ತು ತರಬೇತಿ ಆರಂಭಿಸಬೇಕೆನ್ನುತ್ತಾರೆ ತಜ್ಞರು. ಮೈಸೂರಿನ ಅಖಿಲ ಭಾರತ ವಾಕ್ ಮತ್ತು ಶ್ರವಣ ಸಂಸ್ಥೆಯಲ್ಲಿ ಮಗುವಿನೊಂದಿಗೆ ತಾಯಿಗೂ ಕಲಿಸುತ್ತಾರೆ. ಡೌನ್ ಸಿಂಡ್ರೋಮ್‌ನ ಮಕ್ಕಳಲ್ಲಿ ಸುಮಾರು ಅರ್ಧದಷ್ಟು ಮಂದಿಗೆ ಹೃದಯದ ದೋಷವಿರುತ್ತದೆ. ಮುಖಲಕ್ಷಣ ಕಂಡು ಮರೆಮಾಡಿದ ಮನೆ ಆ ಹೃದಯವನ್ನೂ ಮರೆಮಾಡಿದಂತೆ.

ಇನ್ನು ತಾಯಿಯ ಮೇಲಿನ ಆರೋಪ. ಗ್ರಹಣದ ದಿನ ಹೊರಬಂದಳು, ಅದು ತಿಂದಳು, ಇದು ನೋಡಿದಳು ಎಂಬ ಮಾತುಗಳು ನಮ್ಮ ಮನೆಗಳಲ್ಲೂ ಇವೆ. ಪ್ರವಾದಿ(ಸ)ರ ಪುತ್ರ ಇಬ್ರಾಹೀಮರು ತೀರಿಕೊಂಡ ದಿನ ಗ್ರಹಣವಾದಾಗ, ಯಾರ ಸಾವು ಬದುಕಿಗೂ ಗ್ರಹಣ ಹಿಡಿಯುವುದಿಲ್ಲವೆಂದು ಸ್ಪಷ್ಟಪಡಿಸಲಾಗಿತ್ತು ಎಂಬುದನ್ನು ಮರೆಯುತ್ತೇವೆ. ಥಲಸ್ಸೇಮಿಯಾದಂಥ ಕಾಯಿಲೆ ಮಗುವಿಗೆ ಬರಬೇಕಾದರೆ ತಂದೆ ತಾಯಿ ಇಬ್ಬರೂ ಅದರ ವಾಹಕರಾಗಿರಬೇಕು. ಅಂಥ ದಂಪತಿಗೆ ಪ್ರತಿಯೊಂದು ಗರ್ಭದಲ್ಲೂ ನಾಲ್ಕರಲ್ಲೊಂದು ಅಪಾಯವಿದೆ. ಒಂದು ಮಗುವಿಗೆ ಬಂದಿದೆ, ಇನ್ನು ಮೂರಕ್ಕೆ ಬಾರದು ಎಂಬ ಲೆಕ್ಕ ತಪ್ಪು. ಸೋದರ ಸಂಬಂಧದ ವಿವಾಹಗಳಲ್ಲಿ ಒಂದೇ ಮನೆತನದ ದೋಷ ಎರಡೂ ಕಡೆಯಿಂದ ಬರುವ ಸಂಭವ ಹೆಚ್ಚು. ಕರ್ನಾಟಕದಲ್ಲಿ ಇದು ಒಂದು ಸಮುದಾಯದ ಮಾತಲ್ಲ, ಸೋದರಮಾವನ ಸಂಬಂಧವೂ ಇಲ್ಲಿ ಹಳೆಯ ರೂಢಿ. ಶರೀಅತ್ ದೊಡ್ಡಪ್ಪ ಚಿಕ್ಕಪ್ಪಂದಿರ, ಅತ್ತೆ ಮಾವಂದಿರ ಮಕ್ಕಳ ನಡುವಿನ ವಿವಾಹವನ್ನು ಅನುಮತಿಸಿದೆ, ಕಡ್ಡಾಯಗೊಳಿಸಿಲ್ಲ. ಸೌದಿ ಅರೇಬಿಯದಲ್ಲಿ 2004ರಿಂದ ಥಲಸ್ಸೇಮಿಯಾ ಮತ್ತು ಕುಡಗೋಲು ಕಣ ರೋಗದ ವಿವಾಹಪೂರ್ವ ಪರೀಕ್ಷೆ ಕಡ್ಡಾಯ. ಅಲ್ಲಿ ದುಡಿಯುವ ನಮ್ಮವರಿಗೆ ಇದು ಗೊತ್ತು. ಊರಿಗೆ ಬಂದು ತಂಗಿಯ ಸಂಬಂಧ ನೋಡುವಾಗ ಮಾತ್ರ ನೆನಪಾಗುವುದಿಲ್ಲ.

ಬಚ್ಚಿಟ್ಟ ಮನೆಗಳು ಕಳೆದುಕೊಳ್ಳುವುದು ಇನ್ನೂ ಇದೆ. 2016ರ ವಿಕಲಚೇತನರ ಹಕ್ಕುಗಳ ಕಾಯ್ದೆ 21 ಬಗೆಯ ವೈಕಲ್ಯಗಳನ್ನು ಗುರುತಿಸಿದೆ. ಥಲಸ್ಸೇಮಿಯಾ, ಹಿಮೋಫಿಲಿಯಾಗಳೂ ಅದರಲ್ಲಿ ಸೇರಿವೆ. ಶಿಕ್ಷಣದ ರಿಯಾಯಿತಿ, ಮಾಸಾಶನ ಎಲ್ಲದಕ್ಕೂ ಪ್ರಮಾಣಪತ್ರ ಬೇಕು. ಇಲ್ಲವೆಂದು ಹೇಳಿದ ಕಾಯಿಲೆಗೆ ಪ್ರಮಾಣಪತ್ರ ಕೊಡುವವರಾರು?

ಹೆಸರು ಬೀದಿಗೆ ಬರುವ ಭಯಕ್ಕೂ ಅರ್ಥವಿದೆ. ದಾಖಲೆಯೆಂದರೆ ಡಂಗುರವಲ್ಲ. ವೈದ್ಯರಾಗಲಿ ಆಶಾ ಕಾರ್ಯಕರ್ತೆಯಾಗಲಿ ಕೇಳಿದ್ದನ್ನು ಪಕ್ಕದ ಮನೆಯಲ್ಲಿ ಹೇಳಿದರೆ ಅದು ಅಮಾನತ್ತಿಗೆ ಬಗೆದ ದ್ರೋಹ. ಅದನ್ನು ಪ್ರಶ್ನಿಸುವ ಹಕ್ಕು ಮನೆಯವರಿಗಿದೆ, ಪ್ರಶ್ನಿಸಲೇಬೇಕು.

ಆರಂಭದಲ್ಲಿ ಹೇಳಿದ ಆ ಮಗುವಿಗೆ ಈಗ ಆರು ವರ್ಷ. ನಡೆಯುತ್ತಾಳೆ, ಕೆಲವು ಮಾತು ಆಡುತ್ತಾಳೆ. ಕಳೆದ ವರ್ಷ ಅವಳಿಗೆ ತಮ್ಮ ಹುಟ್ಟಿದ. ಮೂರನೆಯ ದಿನ ತಾಯಿಯೇ ಮಗುವಿನ ಹಿಮ್ಮಡಿಯ ರಕ್ತ ತೆಗೆಸಿದರು. ವರದಿ ಕೈಗೆ ಬರುವ ತನಕ ಅಕೀಕದ ಊಟಕ್ಕೆ ಯಾರನ್ನೂ ಕರೆಯಬಾರದೆಂದು ಅಜ್ಜಿಗೆ ಹೇಳಿದರು. ಅಜ್ಜಿ ಈ ಸಲ ಎದುರಾಡಲಿಲ್ಲ.