ಹೊಸ ಪಂಕ್ತಿಭೇದ

ಬೆಂಗಳೂರು ಬಸವನಗುಡಿಯ ಉಪಾಹಾರಗೃಹಗಳನ್ನು ಕುರಿತು ಎರಡು ಬಗೆಯ ಮಾತುಗಳು ಪ್ರಚಾರದಲ್ಲಿವೆ. ಹಳೆಯ ಹೋಟೆಲುಗಳಲ್ಲಿ ನಾಡಿನ ಆಚಾರವೂ ಸಂಸ್ಕಾರವೂ ಅಚ್ಚಳಿಯದೆ ನಿಂತಿದ್ದುವು, ಹೊಸ ಅಂಗಡಿಗಳು ಬಂದು ಎಲ್ಲವನ್ನೂ ಕೆಡಿಸಿದುವು ಎಂದು ಒಂದು ಪಕ್ಷದವರು ನಿಟ್ಟುಸಿರು ಬಿಡುವರು. ಹೊಸತೆಲ್ಲವೂ ಅಭಿವೃದ್ಧಿಯೇ, ಕಾಲಕ್ಕೆ ತಕ್ಕ ಕೋಲ ಬೇಡವೇ ಎಂದು ಇನ್ನೊಂದು ಪಕ್ಷದವರು ಹೆಗಲು ಕೊಡಹುವರು. ಎರಡು ಪಕ್ಷಗಳೂ ಸಮನಾಗಿ ದುರ್ಬಲವಾದುವು. ಇಬ್ಬರೂ ದೋಸೆಯ ಬಣ್ಣವನ್ನೂ ಅದರ ಮೇಲಣ ಬೆಣ್ಣೆಯ ತೂಕವನ್ನೂ ವಿಚಾರಿಸುವರೇ ಹೊರತು, ಆ ದೋಸೆಯನ್ನು ಯಾರು ಯಾರ ಪಕ್ಕದಲ್ಲಿ ಕುಳಿತು ತಿಂದರು, ಈಗ ಯಾರು ತಿನ್ನಲಾರದೆ ಹಿಂದಿರುಗುತ್ತಿರುವರು ಎಂಬ ಪ್ರಶ್ನೆಯನ್ನು ಎತ್ತುವುದೇ ಇಲ್ಲ. ಪ್ರಕೃತದಲ್ಲಿ ವಿಚಾರಿಸತಕ್ಕದ್ದು ಅದೊಂದನ್ನೇ.

1898ರಲ್ಲಿ ಬೆಂಗಳೂರಿಗೆ ಬಡಿದ ಪ್ಲೇಗಿನ ತರುವಾಯ ಪೇಟೆಯ ಇಕ್ಕಟ್ಟಿನಿಂದ ಹೊರಬಿದ್ದ ಕುಟುಂಬಗಳು ನೆಲೆನಿಂತು ಬೆಳೆಸಿದ ಬಡಾವಣೆ ಬಸವನಗುಡಿ. ಅದಕ್ಕೆ ಹೆಸರು ಕೊಟ್ಟ ಬಸವಣ್ಣನ ದೇವಾಲಯವಾದರೋ ಕೆಂಪೇಗೌಡರ ಕಾಲದ್ದೆಂದು ಪ್ರತೀತಿ. ಕಾರ್ತಿಕಮಾಸದ ಕಡೆಯ ಸೋಮವಾರ ಅಲ್ಲಿ ನೆರೆಯುವ ಕಡಲೆಕಾಯಿ ಪರಿಷೆಯು ಬಡಾವಣೆಗಿಂತಲೂ ಪ್ರಾಚೀನವಾದುದು. ಅಗ್ರಹಾರದ ವಾಸನೆ ಇನ್ನೂ ಆರದಿದ್ದ ಆ ಬೀದಿಗಳ ಗೃಹಸ್ಥರಿಗೆ ಹೊರಗಿನ ಅನ್ನವೆಂದರೆ ಪರಾನ್ನ, ಪರಾನ್ನವೆಂದರೆ ಅಪಕೀರ್ತಿ. ಹೋಟೆಲಿನಿಂದ ಹೊರಬರುವಾಗ ಪರಿಚಿತರ ಕಣ್ಣಿಗೆ ಬಿದ್ದರೆ ಅಂಗವಸ್ತ್ರದಿಂದ ಮುಖ ಒರಸಿಕೊಳ್ಳುವ ನೆವದಲ್ಲಿ ಮರೆಯಾಗುವ ಕಾಲವೊಂದಿತ್ತು. ಈ ಸಂಕೋಚವನ್ನು ನೀಗಿಸಲೆಂದೇ ಆ ಕಾಲದ ಹೋಟೆಲುಗಳ ಹಲಗೆಯ ಮೇಲೆ ಜಾತಿಯ ಹೆಸರು ಏರಿತು. ಉಡುಪಿಯ ಕಡೆಯಿಂದ ಬಂದ ಮಯ್ಯ ಸೋದರರು 1924ರಲ್ಲಿ ತೆರೆದ ಹೋಟೆಲು, ಇಂದು ಮಾವಳ್ಳಿ ಟಿಫಿನ್ ರೂಮ್ಸ್ ಎಂದು ಲೋಕಪ್ರಸಿದ್ಧವಾಗಿರುವುದು, ಮೊದಲು ಬ್ರಾಹ್ಮಣ ಕಾಫಿ ಕ್ಲಬ್ಬೆಂದೇ ಕರೆಯಲ್ಪಡುತ್ತಿತ್ತು. ಒಲೆಯ ಮುಂದೆ ಇರುವವನು ಯಾರೆಂಬುದಕ್ಕೆ ಆ ಹೆಸರೇ ಜಾಮೀನು. ಅಷ್ಟಕ್ಕೇ ನಿಲ್ಲದೆ, ದಕ್ಷಿಣದೇಶದ ಬಹು ಹೋಟೆಲುಗಳಲ್ಲಿ ಬ್ರಾಹ್ಮಣರಿಗೆ ಬೇರೆ ಕೋಣೆ, ಇತರರಿಗೆ ಬೇರೆ ಕೋಣೆ, ಅಸ್ಪೃಶ್ಯರೆನಿಸಿದವರಿಗೆ ಹೊಸ್ತಿಲಿನ ಹೊರಗೆ ಎಂಬ ಏರ್ಪಾಡು ಇದ್ದಿತು. ಹಳೆಯ ಹೋಟೆಲಿನ ಆಚಾರವನ್ನು ಹಾಡಿ ಹೊಗಳುವವರು ಈ ಭಾಗವನ್ನು ಏಕೆ ನುಂಗಿಕೊಳ್ಳುವರು?

ಇಲ್ಲಿ ಶಾಸ್ತ್ರವನ್ನು ಮುಂದೊಡ್ಡುವವರೂ ಇರುವರು. ಯಾರ ಅನ್ನವನ್ನು ಉಣ್ಣಬಾರದೆಂಬ ಪಟ್ಟಿ ಮನುಸ್ಮೃತಿಯ ನಾಲ್ಕನೆಯ ಅಧ್ಯಾಯದಲ್ಲಿ ಇರುವುದೇನೋ ನಿಜ. ಆದರೆ ಆ ಪಟ್ಟಿಯಲ್ಲಿ ವೈದ್ಯನಿದ್ದಾನೆ, ಬಡಗಿಯಿದ್ದಾನೆ, ಅಕ್ಕಸಾಲಿಯಿದ್ದಾನೆ, ಬಡ್ಡಿಯಿಂದ ಬದುಕುವವನೂ ಇದ್ದಾನೆ. ಡಾಕ್ಟರ ಮನೆಯ ಉಪನಯನದಲ್ಲಿ ಹೋಳಿಗೆಯ ಮೇಲೆ ಹೋಳಿಗೆ ಬಡಿಸಿಕೊಂಡು, ಬ್ಯಾಂಕಿನ ಧಣಿಯ ಮಗಳ ಮದುವೆಯಲ್ಲಿ ಮೊದಲ ಪಂಕ್ತಿಗೇ ಕುಳಿತು ತೇಗಿದ ಮಹನೀಯರು ಹೋಟೆಲಿನ ಬಾಗಿಲಿನಲ್ಲಿ ಮಾತ್ರ ಮನುವನ್ನು ನೆನೆಯುವುದು ಯಾವ ನ್ಯಾಯ? ಪಟ್ಟಿಯನ್ನು ಹಿಡಿಯುವುದಾದರೆ ಪೂರ್ತಿ ಹಿಡಿಯಲಿ. ಅದು ಸಾಧ್ಯವಿಲ್ಲವಾದರೆ, ಅನ್ನವನ್ನು ಹೆಚ್ಚಿಸುವುದನ್ನೂ ಮನೆಗೆ ಬಂದವನನ್ನು ಹಿಂದಕ್ಕೆ ಕಳುಹಿಸದಿರುವುದನ್ನೂ ವ್ರತವೆಂದು ವಿಧಿಸಿದ ತೈತ್ತಿರೀಯದ ಭೃಗುವಲ್ಲಿಯೂ ಅದೇ ಪಾಠಶಾಲೆಯಲ್ಲಿಯೇ ಕಲಿಸಲ್ಪಡುತ್ತದೆಂಬುದನ್ನು ಜ್ಞಾಪಿಸಿಕೊಳ್ಳಲಿ.

ಆ ಗೋಡೆ ಬಿದ್ದುದು ಹೇಗೆ? ಕಾನೂನು ತನ್ನ ಕೆಲಸ ಮಾಡಿತು. 1950ರಲ್ಲಿ ಜಾರಿಗೆ ಬಂದ ಸಂವಿಧಾನದ 15ನೆಯ ಅನುಚ್ಛೇದವು, ಜಾತಿಯ ಕಾರಣದಿಂದ ಯಾರಿಗೂ ಅಂಗಡಿ, ಸಾರ್ವಜನಿಕ ಉಪಾಹಾರಗೃಹ, ಹೋಟೆಲುಗಳ ಪ್ರವೇಶವನ್ನು ತಡೆಯಕೂಡದೆಂದು ಹೆಸರಿಟ್ಟೇ ಹೇಳಿತು. 1955ರ ಅಸ್ಪೃಶ್ಯತಾ ಅಪರಾಧಗಳ ಅಧಿನಿಯಮವು ತಡೆದವನಿಗೆ ಶಿಕ್ಷೆಯನ್ನು ಗೊತ್ತುಮಾಡಿತು. 1957ರಲ್ಲಿ ಮದರಾಸಿನಲ್ಲಿ ಹೋಟೆಲೊಂದರ ಹಲಗೆಯಿಂದ ಬ್ರಾಹ್ಮಣ ಶಬ್ದವನ್ನು ಅಳಿಸಬೇಕೆಂದು ಪೆರಿಯಾರರ ಅನುಯಾಯಿಗಳು ಚಳವಳಿಯನ್ನೇ ಹೂಡಿದರು. ಇವೆಲ್ಲವೂ ದೊಡ್ಡ ಕಾರ್ಯಗಳೇ. ಆದರೆ ಬಸವನಗುಡಿಯಂಥ ಸ್ಥಳದಲ್ಲಿ ಕಾನೂನಿನ ಜೊತೆಗೆ ಸದ್ದಿಲ್ಲದೆ ದುಡಿದುದು ಮತ್ತೊಂದು ವಸ್ತು; ಅದು ಹೋಟೆಲಿನ ಬೆಂಚು. ನಾಲ್ಕು ಜನ ಹಿಡಿಸುವ ಮೇಜು, ಅದರಲ್ಲಿ ಒಂದು ಸ್ಥಳ ತೆರವು. ಬಂದವನು ಅಲ್ಲಿ ಕುಳಿತುಕೊಳ್ಳತಕ್ಕದ್ದು. ಎದುರಿಗಿದ್ದವನ ಗೋತ್ರಸೂತ್ರಗಳನ್ನು ವಿಚಾರಿಸಲು ಮಾಣಿ ಅವಕಾಶ ಕೊಡುತ್ತಿರಲಿಲ್ಲ. ತಟ್ಟೆ ಬಂದುಬಿಡುತ್ತಿತ್ತು. ಮನೆಯಲ್ಲಿ ಮಡಿ ಬಿಡದ ಗೃಹಸ್ಥನು ಹೊರಗೆ ಹೂವಾಡಿಗನ ಪಕ್ಕದಲ್ಲಿ ಕುಳಿತು ಚಟ್ನಿಯ ಪಾತ್ರೆಯನ್ನು ಅವನತ್ತ ಸರಿಸಲು ಕಲಿತುದು ಉಪನ್ಯಾಸದಿಂದಲ್ಲ, ಹಸಿವೆಯಿಂದ.

ಗಾಂಧಿಬಜಾರಿನ ವಿದ್ಯಾರ್ಥಿಭವನದಲ್ಲಿ ಈ ಪದ್ಧತಿಯನ್ನು ಇಂದಿಗೂ ಕಣ್ಣಾರೆ ನೋಡಬಹುದು. 1943ರಲ್ಲಿ ವೆಂಕಟರಮಣ ಉರಾಳರಿಂದ ಆರಂಭವಾಗಿ, 1970ರಲ್ಲಿ ರಾಮಕೃಷ್ಣ ಅಡಿಗರ ಆಡಳಿತಕ್ಕೆ ಬಂದ ಈ ಸಂಸ್ಥೆಯಲ್ಲಿ, ಅಪರಿಚಿತರು ಒಂದೇ ಮೇಜಿನಲ್ಲಿ ಮೊಣಕೈ ತಾಗಿಸಿಕೊಂಡು ಕುಳಿತುಕೊಳ್ಳುವರು. ಒಂದು ತೋಳಿನ ಮೇಲೆ ದೋಸೆಯ ತಟ್ಟೆಗಳನ್ನು ಗೋಪುರದಂತೆ ಪೇರಿಸಿಕೊಂಡು ಬರುವ ಪರಿಚಾರಕನು ಯಾರಿಗೆ ಮೊದಲು ಇಡಬೇಕೆಂಬುದನ್ನು ಬಂದ ಕ್ರಮದಿಂದಲೇ ನಿರ್ಣಯಿಸುವನು. ಹಲಗೆಯ ಮೇಲಿನ ಹೆಸರನ್ನು ಗಮನಿಸಬೇಕು. ಅಲ್ಲಿ ಜಾತಿಯಿಲ್ಲ, ವಿದ್ಯಾರ್ಥಿಯಿದ್ದಾನೆ. 1924ರ ಹೆಸರಿಗೂ 1943ರ ಹೆಸರಿಗೂ ಇರುವ ಅಂತರವು ಹತ್ತೊಂಬತ್ತು ವರ್ಷಗಳದು ಮಾತ್ರವಲ್ಲವೆಂದು ಯಾರಿಗೂ ತೋರುವುದು. ಆದರೂ ಶಂಕರಪುರದಲ್ಲಿ 1965ರಲ್ಲಿ, ಎಂದರೆ ಸಂವಿಧಾನಕ್ಕೆ ಹದಿನೈದು ವರ್ಷ ತುಂಬಿದ ಮೇಲೆ, ಆರಂಭವಾದ ಕಾಫಿಯಂಗಡಿಯೊಂದು ಹಳೆಯ ಬಗೆಯ ಹೆಸರನ್ನೇ ಧರಿಸಿತು. ಅಲ್ಲಿನ ಇಡ್ಲಿ ಚಟ್ನಿಗಳನ್ನು ಸಕಲ ಜಾತಿಯವರೂ ಬಾಯಿ ಚಪ್ಪರಿಸಿ ತಿನ್ನುವರು, ಯಾರನ್ನೂ ಯಾರೂ ಏನೆಂದು ಕೇಳುವುದಿಲ್ಲ; ಆದುದರಿಂದ ಆಕ್ಷೇಪವು ಆ ಅಂಗಡಿಯ ಮೇಲಲ್ಲ. ಶುಚಿ ಎಂಬ ಗುಣವು ಒಂದು ಕುಲದ ಸೊತ್ತೆಂಬ ಭಾವನೆಯನ್ನು ಹೊಸ ಹೊಸ ಹಲಗೆಗಳ ಮೇಲೆ ಬರೆಯಿಸುವ ವ್ಯಾಪಾರಿಗಳ ಮೇಲೆ. ಮಾವಳ್ಳಿಯ ಮಯ್ಯರು ಶುಚಿಯನ್ನು ಬೇರೆ ಬಗೆಯಾಗಿ ತೋರಿಸಿದರು. ಯಜ್ಞನಾರಾಯಣ ಮಯ್ಯರು 1951ರಲ್ಲಿ ಯೂರೋಪಿಗೆ ಹೋಗಿ ಅಲ್ಲಿನ ಹೋಟೆಲುಗಳ ನೈರ್ಮಲ್ಯವನ್ನು ಕಂಡು ಬಂದವರು; ಗಿರಾಕಿಗಳು ಅಡುಗೆಮನೆಯನ್ನು ಕಣ್ಣಾರೆ ನೋಡಲು ಅವರ ಹೋಟೆಲಿನಲ್ಲಿ ಅವಕಾಶವಾಯಿತು. ಒಲೆಯನ್ನು ಕಂಡ ಮೇಲೆ ಅಡುಗೆಯವನ ಜನಿವಾರವನ್ನು ಕಾಣುವ ಅಗತ್ಯವೆಲ್ಲಿ?

ಮಾಣಿಯ ಮಾತು ಬಂದಿತಷ್ಟೆ. ಹಳೆಯ ಹೋಟೆಲಿನ ಸ್ಮರಣೆಯಲ್ಲಿ ಫಿಲ್ಟರು ಕಾಫಿಯ ಪರಿಮಳವೇ ತುಂಬಿಕೊಂಡಿರುವುದು; ಲೋಟ ತೊಳೆದ ಕೈ ಅದರಲ್ಲಿಲ್ಲ. ಕುಂದಾಪುರ, ಉಡುಪಿಗಳ ಕಡೆಯ ಬಡ ಮನೆಗಳಿಂದ ಹತ್ತು ಹನ್ನೆರಡು ವರ್ಷದ ಹುಡುಗರು ಘಟ್ಟ ಹತ್ತಿ ಬಂದು, ಬೆಳಗಿನ ಜಾವ ಒಲೆ ಹೊತ್ತಿಸುವುದರಿಂದ ಹಿಡಿದು ರಾತ್ರಿ ಬಾಗಿಲು ಹಾಕುವವರೆಗೂ ದುಡಿದು, ಹಿಟ್ಟಿನ ಚೀಲಗಳ ನಡುವೆ ಮಲಗಿದರು. ಕೆಲವರು ರಾತ್ರಿಶಾಲೆಯಲ್ಲಿ ಓದಿ ಮುಂದೆ ಬಂದರು, ಕೆಲವರು ತಾವೇ ಹೋಟೆಲಿಟ್ಟರು. ಅವರ ಕಥೆಗಳನ್ನು ಎಲ್ಲರೂ ಹೇಳುವರು. ಉಳಿದವರ ಕಥೆಯನ್ನು ಹೇಳುವವರಾರು? ಹದಿನಾಲ್ಕು ತುಂಬದ ಮಕ್ಕಳನ್ನು ಹೋಟೆಲು ಚಹದಂಗಡಿಗಳಲ್ಲಿ ದುಡಿಸಕೂಡದೆಂಬ ನಿಷೇಧವು ಜಾರಿಗೆ ಬಂದುದು 2006ರ ಅಕ್ಟೋಬರಿನಲ್ಲಿ. ಅಲ್ಲಿಯವರೆಗಿನ ಸುವರ್ಣಯುಗವು ಆ ಮಕ್ಕಳ ಬೆನ್ನಿನ ಮೇಲೆಯೇ ನಿಂತಿತ್ತೆಂಬುದನ್ನು ಮರೆತು ಹಾಡುವ ಹಾಡು ಸಂಸ್ಕೃತಿಯ ಹಾಡೆನಿಸದು. ಈಗ ಅದೇ ಲೋಟಗಳನ್ನು ಅಸ್ಸಾಮು, ಒಡಿಶಾಗಳಿಂದ ಬಂದ ಯುವಕರು ತೊಳೆಯುತ್ತಿರುವರು. ಅವರ ಹರಕು ಕನ್ನಡವನ್ನು ಆಡಿಕೊಂಡು ನಗುವ ಹಿರಿಯರೇ ಒಂದು ಕಾಲಕ್ಕೆ ಕುಂದಾಪುರದ ಹುಡುಗನ ಕನ್ನಡವನ್ನೂ ಆಡಿಕೊಂಡಿದ್ದರು.

ಇನ್ನು ದರ್ಶಿನಿಯ ವಿಚಾರ. 1983ರಲ್ಲಿ ಜಯನಗರದಲ್ಲಿ ಆರ್. ಪ್ರಭಾಕರರ ಪ್ರಯತ್ನದಿಂದ ಕೆಫೆ ದರ್ಶಿನಿ ಎಂಬುದು ಆರಂಭವಾದಂದಿನಿಂದ, ಚೀಟಿ ಕೊಂಡು ನಿಂತುಕೊಂಡೇ ತಿನ್ನುವ ಅಂಗಡಿಗಳು ಊರೆಲ್ಲ ಹಬ್ಬಿದುವು. ಇವುಗಳಿಂದಾದ ಉಪಕಾರವನ್ನು ಮರೆಯಲಾಗದು. ಅಡುಗೆಮನೆ ಎದುರಿಗೇ ಇರುವುದು, ಬೆಲೆ ಎಟುಕುವಂತಿರುವುದು, ಪರಿಚಾರಕನ ಮುಖಪ್ರಸನ್ನತೆಯನ್ನು ಕಾಯುವಂತಿಲ್ಲ. ಒಂಟಿಯಾಗಿ ಬಂದ ಹೆಂಗಸು ಯಾರ ದೃಷ್ಟಿಗೂ ಗುರಿಯಾಗದೆ ಎರಡು ಇಡ್ಲಿ ತಿಂದು ಕೆಲಸಕ್ಕೆ ಹೋಗುವಂತಾದುದು ಸಣ್ಣ ಲಾಭವಲ್ಲ; ಹಳೆಯ ಹೋಟೆಲಿನ 'ಫ್ಯಾಮಿಲಿ ರೂಮಿನ' ಪರದೆಯ ಹಿಂದೆ ಆಕೆಗೆ ಈ ಸ್ವಾತಂತ್ರ್ಯವಿರಲಿಲ್ಲ. ದರ್ಶಿನಿಯಲ್ಲಿ ನಿಂತವರೆಲ್ಲರೂ ಸಮಾನರೆಂದು ಅದರ ಪಕ್ಷಪಾತಿಗಳು ಹೇಳುವರು. ಸರಿಯೇ. ಆದರೆ ಅದು ನಿಲ್ಲಬಲ್ಲವರ ಮಾತು. ಮಂಡಿನೋವಿನ ಮುದುಕ, ಬಸುರಿ ಹೆಂಗಸು, ಊರುಗೋಲು ಹಿಡಿದವನು, ಕಂಕುಳಲ್ಲಿ ಮಗುವಿರುವ ತಾಯಿ, ಇವರು ಎದೆಯೆತ್ತರದ ಮೇಜಿನ ಮುಂದೆ ಬಿಸಿ ಸಾಂಬಾರಿನ ತಟ್ಟೆ ಹಿಡಿದು ಏನು ಮಾಡಬೇಕು? ಬಸವನಗುಡಿಯು ವೃದ್ಧರ ಬಡಾವಣೆ. ಮಕ್ಕಳು ದೂರದೇಶಗಳಿಗೆ ಹೋದ ಮೇಲೆ ಇಬ್ಬರೇ, ಕೆಲವೆಡೆ ಒಬ್ಬರೇ, ಉಳಿದ ಮನೆಗಳು ಅಲ್ಲಿ ಎಷ್ಟೋ ಇವೆ. ಅವರಿಗೆ ಬೆಳಗಿನ ಕಾಫಿಯು ಬರಿಯ ಪಾನೀಯವಲ್ಲ. ಆ ದಿನ ಮತ್ತೊಬ್ಬ ಮನುಷ್ಯನೊಡನೆ ಆಡುವ ಮೊದಲ ಮಾತು. ಅಂಗವಿಕಲರ ಹಕ್ಕುಗಳನ್ನು ಕುರಿತ 2016ರ ಅಧಿನಿಯಮವು ಸಾರ್ವಜನಿಕ ಸ್ಥಳಗಳು ಅವರಿಗೆ ಸುಗಮವಾಗಿರಬೇಕೆಂದು ವಿಧಿಸಿರುವುದನ್ನು ಎಷ್ಟು ಮಾಲಿಕರು ಓದಿರುವರೋ!

ಕುಳಿತುಕೊಳ್ಳಲು ಸ್ಥಳವೇ ಇಲ್ಲವೆನ್ನುವಂತೆಯೂ ಇಲ್ಲ. ಮಹಡಿಯ ಮೇಲಿದೆ. ಕೆಳಗೆ ನಿಂತು ತಿನ್ನುವ ದೋಸೆಗೆ ಒಂದು ಬೆಲೆ. ಕುಳಿತುಕೊಂಡು ತಿಂದರೆ ಸ್ವಲ್ಪ ಹೆಚ್ಚು. ಮೇಲೆ ವಾತಾನುಕೂಲಿತ ಕೋಣೆಯಲ್ಲಾದರೆ ಅದಕ್ಕಿಂತಲೂ ಹೆಚ್ಚು. ಹಿಟ್ಟು ಒಂದೇ, ಕಾವಲಿ ಒಂದೇ, ಚಟ್ನಿಯ ಕೊಳಗ ಒಂದೇ. ಭೇದವಿರುವುದು ಪಂಕ್ತಿಯಲ್ಲಿ. ಹಿಂದೆ ಜನ್ಮವನ್ನು ನೋಡಿ ಕೋಣೆಯನ್ನು ತೋರಿಸುತ್ತಿದ್ದರು, ಈಗ ಜೇಬನ್ನು ನೋಡಿ ಮೆಟ್ಟಿಲನ್ನು ತೋರಿಸುವರು. ಸರ್ಕಾರವೇ ಕೆಲವು ಕಾಲ ಈ ಪಂಕ್ತಿಭೇದಕ್ಕೆ ಮುದ್ರೆಯೊತ್ತಿತ್ತು. 2017ರ ಜುಲೈಯಲ್ಲಿ ಸರಕು ಮತ್ತು ಸೇವಾ ತೆರಿಗೆ ಬಂದಾಗ, ತಂಪು ಯಂತ್ರವಿಲ್ಲದ ಹೋಟೆಲಿನ ತಿಂಡಿಗೆ ನೂರಕ್ಕೆ 12, ಯಂತ್ರವುಳ್ಳ ಹೋಟೆಲಿನ ತಿಂಡಿಗೆ ನೂರಕ್ಕೆ 18 ಎಂದು ವಿಧಿಸಲಾಯಿತು. ಅದೇ ವರ್ಷದ ನವೆಂಬರಿನಲ್ಲಿ ಆ ಭೇದವನ್ನು ತೊಡೆದು ಸಾಮಾನ್ಯ ಹೋಟೆಲುಗಳಿಗೆಲ್ಲ ನೂರಕ್ಕೆ 5 ಎಂದು ಮಾಡಿದರು. ಸರ್ಕಾರವು ನಾಲ್ಕು ತಿಂಗಳಿನಲ್ಲಿ ತಿದ್ದಿಕೊಂಡುದನ್ನು ಮಾಲಿಕರು ಇಂದಿಗೂ ತಿದ್ದಿಕೊಂಡಿಲ್ಲ.

ಯಂತ್ರಕ್ಕೆ ವಿದ್ಯುಚ್ಛಕ್ತಿಯ ಖರ್ಚಿಲ್ಲವೇ, ಕುರ್ಚಿಗೆ ಬಾಡಿಗೆಯಿಲ್ಲವೇ ಎಂದು ಅವರು ಕೇಳಬಹುದು. ತಂಪಿನ ಖರ್ಚು ನಿಜ. ಅದನ್ನು ತಂಪನ್ನು ಬೇಡಿದವನು ತೆರಲಿ. ಕುರ್ಚಿಯ ಮಾತು ಬೇರೆ. ಕುಳಿತು ಉಣ್ಣುವುದು ವಿಲಾಸವಲ್ಲ. ಬೆಲೆಯ ಕಟ್ಟು ಮೀರಿದರೆ ಹೋಟೆಲು ನಡೆಯದೆಂಬುದಕ್ಕೆ ದೃಷ್ಟಾಂತವಿಲ್ಲದಿಲ್ಲ. ತುರ್ತುಪರಿಸ್ಥಿತಿಯ ಕಾಲದಲ್ಲಿ ತಿಂಡಿಗಳಿಗೆ ಸರ್ಕಾರ ಕಟ್ಟಿದ ಬೆಲೆಯಿಂದ ಮಾವಳ್ಳಿಯ ಹೋಟೆಲೇ ಬಾಗಿಲು ಹಾಕಿ, ಪೊಟ್ಟಣದ ಹಿಟ್ಟುಗಳ ವ್ಯಾಪಾರಕ್ಕೆ ತಿರುಗಬೇಕಾಯಿತು. ಆದುದರಿಂದ ಬೆಲೆಯನ್ನು ಕಾನೂನಿನಿಂದ ಕಟ್ಟಬೇಕೆಂದು ಇಲ್ಲಿ ಯಾರೂ ವಾದಿಸುತ್ತಿಲ್ಲ. ಬೇಡುತ್ತಿರುವುದು ಬೆಂಚನ್ನು. 2017ರಲ್ಲಿ ಐದು ರೂಪಾಯಿಗೆ ಬೆಳಗಿನ ತಿಂಡಿ, ಹತ್ತು ರೂಪಾಯಿಗೆ ಊಟವೆಂದು ಸರ್ಕಾರ ತೆರೆದ ಇಂದಿರಾ ಕ್ಯಾಂಟೀನುಗಳಲ್ಲಿಯೂ ಬಡವನು ನಿಂತೇ ಉಣ್ಣುವನು. ಬಡವನಿಗೆ ಕಾಲು ನೋಯುವುದಿಲ್ಲವೆಂಬ ಸಿದ್ಧಾಂತವೊಂದು ಎಲ್ಲ ಕಡೆಯೂ ನೆಲೆಗೊಂಡಂತಿದೆ.

ರವಿವಾರದ ಬೆಳಗಿನ ಸಾಲುಗಳನ್ನು ಕುರಿತು ಹೆಚ್ಚು ಹೇಳಬೇಕಾದುದಿಲ್ಲ. ಅದೇ 2017ರಲ್ಲಿ ನ್ಯಾಷನಲ್ ಕಾಲೇಜಿನ ಬಳಿ ಮೆಟ್ರೋ ನಿಲ್ದಾಣ ತೆರೆದ ಮೇಲೆ ದೂರದ ಬಡಾವಣೆಗಳವರೂ ಸುಲಭವಾಗಿ ಬರುವಂತಾಗಿದೆ. ಬರಲಿ, ಊರು ಎಲ್ಲರದು. ದೋಸೆಯ ಛಾಯಾಚಿತ್ರ ತೆಗೆಯುವುದರೊಳಗೆ ಅದು ಆರಿಹೋಗುವುದು ಅವರವರ ಕರ್ಮ. ಆದರೆ ಹೆಸರು ಬರೆಯಿಸಿ ಗಂಟೆಗಟ್ಟಲೆ ಕಾಯುವ ಸಾಲಿನಲ್ಲಿ, ಎದುರು ಬೀದಿಯಲ್ಲಿಯೇ ನಲವತ್ತು ವರ್ಷ ಬಾಳಿದ ವೃದ್ಧನಿಗೂ ಒಂದು ಎಡೆಯಿರಬೇಕು. ರೈಲಿನಲ್ಲಿಯೂ ಬಸ್ಸಿನಲ್ಲಿಯೂ ಹಿರಿಯರಿಗೆ ಆಸನ ಮೀಸಲಿಡುವ ನಗರವು ಹೋಟೆಲಿನಲ್ಲಿ ಅದನ್ನು ಮರೆಯುವುದೇಕೆ?

ಹೆದ್ದೊರೆಯಂತೆ ಬದಲಾಗುವ ನಗರದಲ್ಲಿ ಎಲ್ಲವನ್ನೂ ತಡೆಯುವುದು ಯಾರಿಂದಲೂ ಆಗದು. ಹಳ್ಳಿಗಾಡಿನ ಕೆಲವು ಚಹದಂಗಡಿಗಳಿಂದ ಎರಡು ಲೋಟದ ಪದ್ಧತಿಯ ವರದಿಗಳು ಇಂದಿಗೂ ಬರುತ್ತಿರುವಾಗ, ನಗರದ ಹೋಟೆಲು ಕಲಿಸಿದ ಪಾಠವನ್ನು ನಗರವೇ ಮರೆಯಲು ಹೊರಟರೆ ಹಳ್ಳಿಗೆ ಹೇಳುವವರಾರು? ಆದುದರಿಂದ ಬಸವನಗುಡಿಯ ಹೋಟೆಲು ಮಾಲಿಕರು ಈ ಮೂರನ್ನು ಮಾಡಲಿ: ಹೊಸ ಹಲಗೆಗಳಿಂದ ಜಾತಿಯ ಹೆಸರನ್ನು ಬಿಡಲಿ, ಕುಳಿತದ್ದಕ್ಕೆಂದು ಬೆಲೆ ಏರಿಸುವುದನ್ನು ನಿಲ್ಲಿಸಲಿ, ಎಷ್ಟೇ ಚಿಕ್ಕ ದರ್ಶಿನಿಯಾದರೂ ನಾಲ್ಕು ಜನ ಕುಳಿತುಕೊಳ್ಳುವ ಒಂದು ಬೆಂಚನ್ನೂ ಅದರ ಎತ್ತರಕ್ಕೆ ಒಗ್ಗುವ ಒಂದು ಮೇಜನ್ನೂ ಇರಿಸಲಿ. ಮೊದಲಿನ ಎರಡಕ್ಕೆ ಅವರು ಏನೇನು ಉತ್ತರ ಹೇಳುವರೋ ಕಾದು ನೋಡಬೇಕು. ಮೂರನೆಯದಕ್ಕೆ ಸ್ಥಳವಿಲ್ಲವೆಂಬ ಉತ್ತರ ಸಿದ್ಧವಾಗಿರುವುದು. ಹಾಗೆ ಹೇಳುವವರು ತಮ್ಮ ಬಾಗಿಲಿನ ಪಕ್ಕದಲ್ಲಿ ಐಸ್‌ಕ್ರೀಮಿನ ಪೆಟ್ಟಿಗೆಗೂ ಬಣ್ಣದ ಪಾನೀಯಗಳ ಗಾಜಿನ ಬೀರುವಿಗೂ ಎಷ್ಟು ಅಗಲದ ಜಾಗವನ್ನು ಬಿಟ್ಟಿರುವರೆಂಬುದನ್ನು ಒಮ್ಮೆ ಗಜಕಡ್ಡಿ ಹಿಡಿದು ಅಳೆದುಕೊಳ್ಳಲಿ.