ಪದಕ ತೂಗಿಸುವ ಮೊದಲು ಅದರ ಅಂಚು ಓದಿ

ಹೋದ ತಿಂಗಳು ನಮ್ಮ ಕಡೆಯ ವಾಟ್ಸಾಪ್ ಗುಂಪುಗಳಲ್ಲಿ ಒಂದು ಮೆಸೇಜು ಓಡಾಡಿತು. ಹಳೇ ಮಿಲಿಟರಿ ಪದಕ, ಬ್ಯಾಡ್ಜು, ಕೋಟು ಏನಿದ್ದರೂ ಫೋಟೋ ಕಳಿಸಿ, ಒಳ್ಳೇ ರೇಟು ಕೊಡುತ್ತೇವೆ ಅಂತ. ಸುದ್ದಿ ಸಿಗಬಹುದು ಎಂದು ವಿಚಾರಿಸುತ್ತಾ ಹೋದವನು ಹಾಸನ ಜಿಲ್ಲೆಯ ಒಂದು ಹಳ್ಳಿಯ ಹಳೇ ಮನೆಯ ಜಗಲಿ ಮೇಲೆ ಕೂತೆ. ಮನೆಯ ಅಜ್ಜಿ ಒಳಗಿನಿಂದ ಒಂದು ತಗಡಿನ ಡಬ್ಬ ತಂದಿಟ್ಟರು. ಅದರಲ್ಲಿ ಎರಡು ಪದಕ ಇದ್ದವು. ಒಂದು ನಕ್ಷತ್ರದ ಆಕಾರದ್ದು, ಇನ್ನೊಂದು ದುಂಡನೆಯದು. ಎರಡೂ ಅವರ ಮಾವನವರವು, ಎರಡನೇ ಮಹಾಯುದ್ಧದ ಕಾಲದವು.

"ಇನ್ನೊಂದಿತ್ತಪ್ಪಾ, ಬೆಳ್ಳೀದು. ನಮ್ಮ ಮಾವನ ಅಪ್ಪಂದು" ಅಂದರು ಅಜ್ಜಿ.

ಆ ಬೆಳ್ಳಿಯದು ನಾಲ್ಕು ವರ್ಷದ ಹಿಂದೆ ಮರಿಮಗುವಿನ ಉಡಿದಾರ ಆಯಿತಂತೆ. ಅಂಗಡಿಯವರು ತೂಗಿ, ಸವಕಲು ಕಳೆದು, ಲೆಕ್ಕ ಹಾಕಿದರಂತೆ. ಅದರ ಮೇಲೆ ಏನಿತ್ತು ಎಂದು ಕೇಳಿದೆ. ಒಂದು ಕಡೆ ರಾಜನ ತಲೆ, ಇನ್ನೊಂದು ಕಡೆ ಕುದುರೆ ಮೇಲೆ ಕೂತ ಬೆತ್ತಲೆ ಮನುಷ್ಯ. ಅಷ್ಟು ಹೇಳಿದರೆ ಸಾಕು, ಅದು 1914ರಿಂದ 1918ರ ಮೊದಲನೇ ಮಹಾಯುದ್ಧದ ಬ್ರಿಟಿಷ್ ವಾರ್ ಮೆಡಲ್. ಹೆಚ್ಚುಕಡಿಮೆ ಎರಡೂವರೆ ತೊಲ ಬೆಳ್ಳಿ. ಅದರ ಅಂಚಿನ ಸುತ್ತ ಸಣ್ಣ ಇಂಗ್ಲಿಷ್ ಅಕ್ಷರದಲ್ಲಿ ಸೈನಿಕನ ನಂಬರು, ದರ್ಜೆ, ಹೆಸರು, ಪಡೆ ಎಲ್ಲ ಒತ್ತಿರುತ್ತಾರೆ. ಆ ಮನುಷ್ಯ ಮೈಸೂರು ಲ್ಯಾನ್ಸರ್ಸ್‌ನಲ್ಲಿದ್ದು 1918ರ ಸೆಪ್ಟೆಂಬರ್ 23ರಂದು ಹೈಫಾ ಊರಿಗೆ ಕುದುರೆ ನುಗ್ಗಿಸಿದವನೋ, ಬಸ್ರಾದಲ್ಲಿ ಹೇಸರಗತ್ತೆ ನೋಡಿಕೊಂಡವನೋ, ಮನೆಯಲ್ಲಿ ಯಾರಿಗೂ ಗೊತ್ತಿಲ್ಲ. ಹೇಳಬಹುದಾಗಿದ್ದದ್ದು ಆ ಅಂಚು ಒಂದೇ. ಅದು ಕರಗಿಹೋಯಿತು.

ಮೊದಲು ನನಗೆ ಸಿಟ್ಟೇ ಬಂತು. ದಾರಿಯಲ್ಲಿ ಬೈಕ್ ಓಡಿಸುತ್ತಾ ಯೋಚಿಸಿದ ಮೇಲೆ ಇಳಿಯಿತು. ಅದು ಅವರ ಮನೆಯ ಬೆಳ್ಳಿ, ಅವರ ಮಗು. ಇಂಗ್ಲೆಂಡಿನಲ್ಲೂ ಇದೇ ಆಗಿದೆ. ಈ ಪದಕವನ್ನು ಸುಮಾರು 65 ಲಕ್ಷ ಮಾಡಿಸಿದ್ದರು. 1980ರ ಸುಮಾರಿಗೆ ಬೆಳ್ಳಿ ದರ ಆಕಾಶಕ್ಕೆ ಏರಿದಾಗ ಪದಕಕ್ಕಿಂತ ಬೆಳ್ಳಿಯೇ ದುಬಾರಿಯಾಗಿ, ಎಷ್ಟೋ ಪದಕಗಳು ಕುಲುಮೆಗೆ ಹೋದವು. ಕರಗಿಸಿದ್ದಕ್ಕೆ ನನ್ನ ತಕರಾರಿಲ್ಲ. ಓದದೆ ಕರಗಿಸಿದ್ದಕ್ಕೆ ಇದೆ.

ಈಗ ಈ ಸಂಗ್ರಹ ಮಾಡುವವರ ವಿಚಾರ. ಯುದ್ಧಕಾಲದ ಜಾಕೆಟ್ಟು, ತೋಳಿನ ಪಟ್ಟಿ, ಟೋಪಿ ಬ್ಯಾಡ್ಜು ಕೂಡಿಡುವ ಹುಚ್ಚು ಪ್ರಪಂಚದಲ್ಲೆಲ್ಲ ಇದೆ. ಅವರನ್ನು ನಾನು ಕಳ್ಳರು ಅನ್ನುವುದಿಲ್ಲ. ನಮಗಿಂತ ಅವರಿಗೇ ಹೆಚ್ಚು ಗೊತ್ತು. ತೋಳಿನ ಮೇಲೆ ಕೆಂಪು ಹದ್ದು ಇದ್ದರೆ ನಾಲ್ಕನೇ ಡಿವಿಷನ್, ಕಪ್ಪು ಬೆಕ್ಕಿದ್ದರೆ ಬರ್ಮಾದಲ್ಲಿ ಕಾದಿದ ಹದಿನೇಳನೇ ಡಿವಿಷನ್ ಎಂದು ನೋಡಿದ ಕೂಡಲೇ ಹೇಳುತ್ತಾರೆ. ಎರಡನೇ ಯುದ್ಧದಲ್ಲಿ ಅಮೆರಿಕದ ಸೈನಿಕರು ನಮ್ಮ ದೇಶಕ್ಕೆ ಬಂದಿದ್ದರು. ಬೆಂಗಳೂರಿನ ಎಚ್‌ಎಎಲ್‌ನಲ್ಲೇ ಅವರ ವಿಮಾನಗಳ ರಿಪೇರಿ ನಡೆಯುತ್ತಿತ್ತು. ಚೀನಾ, ಬರ್ಮಾ, ಭಾರತ ಎಂದು ಮೂರನ್ನೂ ಸೇರಿಸಿದ ಅವರ ಪಟ್ಟಿಗಳಲ್ಲಿ ಎಷ್ಟನ್ನೋ ನಮ್ಮ ದರ್ಜಿಗಳೇ ಹೊಲಿದುಕೊಟ್ಟರು. ಕಾರ್ಖಾನೆಯಲ್ಲಿ ನೇಯ್ದದ್ದಕ್ಕಿಂತ ನಮ್ಮವರು ಕೈಯಲ್ಲಿ ಹೊಲಿದ ಸೊಟ್ಟಪಟ್ಟ ಪಟ್ಟಿಗೇ ಅಮೆರಿಕದ ಸಂಗ್ರಹಗಾರರು ಜಾಸ್ತಿ ದುಡ್ಡು ಕೊಡುತ್ತಾರೆ. ಹೊಲಿದ ದರ್ಜಿಯ ಹೆಸರು ಮಾತ್ರ ಎಲ್ಲೂ ಇಲ್ಲ, ಅದು ಬೇರೆ ಮಾತು.

ಬೆಲೆ ಇರುವ ಕಡೆ ನಕಲಿಯೂ ಇರುತ್ತದೆ. ಹೊಸ ಬಟ್ಟೆಯನ್ನು ಚಹಾ ನೀರಿನಲ್ಲಿ ಅದ್ದಿ ಹಳೇದು ಮಾಡುವವರಿದ್ದಾರೆ. ಹಾಗಾಗಿಯೇ ಸಂಗ್ರಹಗಾರರಿಗೆ ಹೆಸರಿರುವ ಪದಕ ಅಂದರೆ ಪ್ರಾಣ. ಹೆಸರು, ನಂಬರು ಇದ್ದರೆ ದಾಖಲೆ ಜೊತೆ ತಾಳೆ ನೋಡಬಹುದು.

ನಮ್ಮ ಮನೆಗಳಿಗೆ ಗೊತ್ತಿಲ್ಲದ ಒಂದು ಸಂಗತಿ ಇಲ್ಲಿದೆ. ಎರಡನೇ ಯುದ್ಧದ ಪದಕಗಳನ್ನು ಬ್ರಿಟಿಷ್ ಸೈನಿಕರಿಗೆ ಹೆಸರು ಹಾಕದೆ ಕೊಟ್ಟರು. ಭಾರತದ ಸೈನಿಕರಿಗೆ ಹೆಸರು ಒತ್ತಿ ಕೊಟ್ಟರು. ಲಂಡನ್ನಿನ ಅಜ್ಜನ ನಕ್ಷತ್ರ ಯಾರದು ಬೇಕಾದರೂ ಆಗಬಹುದು, ನಮ್ಮ ಹಳ್ಳಿಯ ಅಜ್ಜನ ನಕ್ಷತ್ರ ಅವನದೇ. ಆ ಯುದ್ಧಕ್ಕೆ ನಮ್ಮ ದೇಶದಿಂದ ಸುಮಾರು 25 ಲಕ್ಷ ಜನ ಸೇನೆ ಸೇರಿದ್ದರು. ಅಂದಮೇಲೆ ಇಂಥ ಡಬ್ಬಗಳು ಎಷ್ಟು ಅಟ್ಟದ ಮೇಲಿರಬಹುದು, ನೀವೇ ಹೇಳಿ.

ಊರಿಗೆ ಬರುವ ದಲ್ಲಾಳಿಗೆ ಇದೆಲ್ಲ ಗೊತ್ತು. ಮನೆಯವರಿಗೆ ಗೊತ್ತಿಲ್ಲ. ಅವನು ತಕ್ಕಡಿ ತೆಗೆದು ಲೋಹದ ತೂಕಕ್ಕೆ ಮಾತಾಡುತ್ತಾನೆ, ಆಮೇಲೆ ಹೆಸರಿಗೆ ಮಾರುತ್ತಾನೆ. ನನ್ನ ಆಕ್ಷೇಪ ಇರುವುದು ಅಲ್ಲಿ. ಕೊಳ್ಳುವವನು ಮೊದಲು ಅಂಚು ಓದಿ ಮನೆಯವರಿಗೆ ಹೇಳಲಿ, ಆಮೇಲೆ ಬೆಲೆ ಮಾತಾಡಲಿ. ಅವನು ಓದದಿದ್ದರೆ ನೀವು ಓದಿ.

ಓದುವುದು ಕಷ್ಟವಲ್ಲ. ಫೋನಿನ ಟಾರ್ಚನ್ನು ಪಕ್ಕದಿಂದ ಓರೆಯಾಗಿ ಹಿಡಿದರೆ ಸವೆದ ಅಕ್ಷರವೂ ಎದ್ದು ಕಾಣುತ್ತದೆ. ದುಂಡು ಪದಕಕ್ಕೆ ಅಂಚು ನೋಡಿ, ನಕ್ಷತ್ರಕ್ಕೆ ಹಿಂಬದಿ. ತಿರುಗಿಸುತ್ತಾ ನಾಲ್ಕೈದು ಫೋಟೋ ತೆಗೆದು, ನಂಬರನ್ನು ಒಂದು ಹಾಳೆಯಲ್ಲೂ ಬರೆದಿಡಿ. ಎಸ್‌ಇಪಿ ಅಂದರೆ ಸಿಪಾಯಿ, ಎನ್‌ಕೆ ಅಂದರೆ ನಾಯಕ್, ಎಸ್‌ಪಿಆರ್ ಅಂದರೆ ಸ್ಯಾಪರ್. ಯುದ್ಧದಲ್ಲಿ ತೀರಿಕೊಂಡವರಾದರೆ ಕಾಮನ್‌ವೆಲ್ತ್ ಯುದ್ಧ ಸಮಾಧಿ ಆಯೋಗದ ವೆಬ್‌ಸೈಟಿನಲ್ಲಿ ಪುಕ್ಕಟೆಯಾಗಿ ಹೆಸರು ಹುಡುಕಬಹುದು. ಹುಣಸೆಹಣ್ಣು, ಬೂದಿ ಹಾಕಿ ಮಾತ್ರ ಉಜ್ಜಬೇಡಿ. ಹಬ್ಬಕ್ಕೊಂದು ಸಲ ದೇವರ ಪಾತ್ರೆ ಜೊತೆ ಪದಕವನ್ನೂ ತಿಕ್ಕುವ ಮನೆ ನೋಡಿದ್ದೇನೆ, ಅದರಲ್ಲಿ ಅರ್ಧ ಹೆಸರು ಉಳಿದಿತ್ತು.

ಇಷ್ಟಾದ ಮೇಲೆ ಮಾರುತ್ತೀರೋ ಇಟ್ಟುಕೊಳ್ಳುತ್ತೀರೋ ನಿಮ್ಮ ಮನೆ ವಿಚಾರ. ಮಾರುವುದಾದರೆ ಒಬ್ಬನ ಪದಕಗಳನ್ನು ಬಿಡಿ ಬಿಡಿಯಾಗಿ ಕೊಡಬೇಡಿ, ಸೆಟ್ ಒಡೆದರೆ ಬೆಲೆಯೂ ಹೋಯಿತು, ಕಥೆಯೂ ಹೋಯಿತು. ನೂರು ವರ್ಷ ದಾಟಿದ ಐತಿಹಾಸಿಕ ವಸ್ತುವನ್ನು ಖಾಸಗಿಯವರು ವಿದೇಶಕ್ಕೆ ಸಾಗಿಸಲು 1972ರ ಪುರಾತನ ವಸ್ತುಗಳ ಕಾಯ್ದೆ ಬಿಡುವುದಿಲ್ಲ, ಅದೂ ನೆನಪಿರಲಿ. ಮಡಿಕೇರಿಯಲ್ಲಿ ಜನರಲ್ ತಿಮ್ಮಯ್ಯನವರ ಹುಟ್ಟಿದ ಮನೆ 'ಸನ್ನಿಸೈಡ್' 2021ರಿಂದ ಮ್ಯೂಸಿಯಂ ಆಗಿದೆ. ಮಕ್ಕಳನ್ನು ಒಮ್ಮೆ ಕರೆದುಕೊಂಡು ಹೋಗಿ. ಆದರೆ ಮ್ಯೂಸಿಯಂನ ಗಾಜಿನೊಳಗೆ ಹೋಗುವುದು ಹೆಚ್ಚಾಗಿ ದೊಡ್ಡ ಅಧಿಕಾರಿಗಳ ಎದೆಯ ಪದಕ. ಸಿಪಾಯಿಯದು ಉಳಿದರೆ ಮನೆಯ ಡಬ್ಬದಲ್ಲೇ ಉಳಿಯಬೇಕು.

ಅಜ್ಜಿಯ ಮನೆಯಲ್ಲಿ ಆವತ್ತು ಉಳಿದಿದ್ದ ಎರಡನ್ನು ಓದಿದೆವು. ನಕ್ಷತ್ರ ಬರ್ಮಾದ್ದು. ಹಿಂಬದಿಯಲ್ಲಿ ನಂಬರು, ಎಸ್‌ಪಿಆರ್, ಆಮೇಲೆ ಹೆಸರು. ಬರೆದಿಟ್ಟುಕೊಳ್ಳಲು ಮಾವನವರ ಹೆಸರು ಸರಿಯಾಗಿ ಹೇಳಿ ಎಂದು ಅಜ್ಜಿಯನ್ನೇ ಕೇಳಿದ್ದೆ. ಅವರು ಬಾಯಿ ಬಿಡಲಿಲ್ಲ. ಮಾವನ ಹೆಸರು ಸೊಸೆ ಹೇಳುವುದುಂಟೇ? ಕೊನೆಗೆ ನಕ್ಷತ್ರದಿಂದಲೇ ನಾನು ಗಟ್ಟಿಯಾಗಿ ಓದಿದೆ. ಅಜ್ಜಿ ಸೆರಗು ಎಳೆದುಕೊಂಡು ತಲೆ ಮೇಲೆ ಹೊದ್ದುಕೊಂಡರು. "ಹೂಂ, ಅದೇ. ಇನ್ನೊಂದ್ಸಲ ಓದಪ್ಪಾ" ಅಂದರು.