ದ್ರಾಕ್ಷಿ ತೋಟಕ್ಕೆ ಹೋಗೋಣ, ಆದರೆ ಬರೀ ಫೋಟೋಕ್ಕಾಗಿ ಬೇಡ

ನಮ್ಮ ಸಂಘದಲ್ಲಿ ವಿದೇಶ ಪ್ರವಾಸದ ಮಾತು ಬಂದಾಗಲೆಲ್ಲ ಯುರೋಪಿನ ಪಟ್ಟಿ ಒಂದೇ ತೆರನಾಗಿರುತ್ತದೆ. ಪ್ಯಾರಿಸಿನ ಐಫೆಲ್ ಗೋಪುರ, ಸ್ವಿಟ್ಜರ್ಲೆಂಡಿನ ಹಿಮ, ರೋಮಿನ ಕೊಲೋಸಿಯಂ, ಕೊನೆಗೊಂದು ದಿನ ಖರೀದಿ. "ಒಂದೆರಡು ದ್ರಾಕ್ಷಿ ತೋಟ, ವೈನರಿಗಳನ್ನೂ ಸೇರಿಸಿ" ಎಂದು ಯಾರಾದರೂ ಹೇಳಿದರೆ ಸಭೆಯಲ್ಲಿ ನಗು ಏಳುತ್ತದೆ. ಪರ್ಮಿಟ್ ರೂಮ್ ಇರುವವರು ಕಣ್ಣು ಮಿಟುಕಿಸುತ್ತಾರೆ. ಶುದ್ಧ ಸಸ್ಯಾಹಾರಿ ಹೋಟೆಲಿನವರು "ಇಡ್ಲಿ ವಡೆ ಮಾರುವ ನಮಗೆ ಅಲ್ಲೇನು ಕೆಲಸ ಮಾರಾಯ್ರೆ?" ಎಂದು ಕೇಳುತ್ತಾರೆ. ಇಬ್ಬರ ಲೆಕ್ಕದಲ್ಲೂ ವೈನರಿ ಎಂದರೆ ಕುಡಿಯುವ ಜಾಗ, ಅಷ್ಟೇ.

ಈ ತಿಳುವಳಿಕೆ ತಪ್ಪು ಎಂಬುದು ನನ್ನ ಅಭಿಪ್ರಾಯ. ಹೋಟೆಲ್ ಉದ್ಯಮದವನು ಯುರೋಪಿನಲ್ಲಿ ಒಂದೇ ಒಂದು ಕಡೆ ಹೋಗಲು ಸಾಧ್ಯವೆಂದಾದರೆ ಆತ ವೈನರಿಗೆ ಹೋಗಬೇಕು. ಒಂದು ಹನಿ ಕುಡಿಯದಿದ್ದರೂ ಹೋಗಬೇಕು. ಯಾಕೆಂದರೆ ನಾವು ಇಲ್ಲಿ ಕಳೆದುಕೊಳ್ಳುತ್ತಿರುವ ಮೂರು ಸಂಗತಿಗಳನ್ನು ಅವರು ಅಲ್ಲಿ ಜತನದಿಂದ ಕಾಪಾಡಿಕೊಂಡು ಬಂದಿದ್ದಾರೆ. ಒಂದು ಜಾಗ, ಎರಡು ಹೆಸರು, ಮೂರು ಮುಂದಿನ ತಲೆಮಾರು.

ಮೊದಲು ಜಾಗದ ಮಾತು. ಜಿನೀವಾ ಸರೋವರದ ಉತ್ತರ ದಂಡೆಯಲ್ಲಿ ಲೊಸಾನ್ ಪಟ್ಟಣದ ಹೊರವಲಯದಿಂದ ಶಿಯೋನ್ ಕೋಟೆಯ ಕಡೆಗೆ ಸುಮಾರು 30 ಕಿ.ಮೀ. ಉದ್ದಕ್ಕೂ ಲಾವೋ ಎಂಬ ದ್ರಾಕ್ಷಿ ಇಳಿಜಾರು ಇದೆ. ಕೆಳಗೆ ನೀಲಿ ಸರೋವರ, ಎದುರಿಗೆ ಆಲ್ಪ್ಸ್ ಪರ್ವತ, ನಡುವೆ ಕಲ್ಲಿನ ಗೋಡೆ ಕಟ್ಟಿ ಮೆಟ್ಟಿಲು ಮೆಟ್ಟಿಲಾಗಿ ಮಾಡಿದ ತೋಟ. ಮೊದಲ ಸಲ ನಾನು ಅಲ್ಲಿಗೆ ಹೋದದ್ದು ಪ್ಯಾಕೇಜ್ ಟೂರಿನಲ್ಲಿ. ಬಸ್ ನಿಲ್ಲಿಸಿ ಇಪ್ಪತ್ತು ನಿಮಿಷ ಕೊಟ್ಟರು. ಎಲ್ಲರೂ ಸರೋವರಕ್ಕೆ ಬೆನ್ನು ಹಾಕಿ ಫೋಟೋ ತೆಗೆಸಿಕೊಂಡೆವು, ಥೇಪ್ಲಾ ತಿಂದೆವು, ಬಸ್ ಹತ್ತಿದೆವು. ಅದು ಯಾವ ಊರು ಎಂದೂ ಯಾರೂ ಕೇಳಲಿಲ್ಲ.

ಎರಡನೇ ಸಲ ಮಗನ ಜೊತೆ ರೈಲಿನಲ್ಲಿ ಹೋಗಿ, ಇಳಿದು, ತೋಟದ ನಡುವಿನ ದಾರಿಯಲ್ಲಿ ನಡೆದಾಗ ವಿಷಯ ತಿಳಿಯಿತು. ಈ ಗೋಡೆಗಳ ಕೆಲಸ 11ನೇ ಶತಮಾನದಲ್ಲಿ ಕ್ರೈಸ್ತ ಸನ್ಯಾಸಿಗಳ ಮಠಗಳ ಕಾಲದಿಂದ ನಡೆದುಬಂದದ್ದು. ತಮಗೆ ಮೂರು ಸೂರ್ಯರು ಎಂದು ಅಲ್ಲಿನವರು ಹೇಳುತ್ತಾರೆ: ಆಕಾಶದ ಸೂರ್ಯ, ಸರೋವರದಲ್ಲಿ ಪ್ರತಿಫಲಿಸುವ ಸೂರ್ಯ, ಹಗಲೆಲ್ಲ ಕಾದು ರಾತ್ರಿ ಶಾಖ ಬಿಡುವ ಕಲ್ಲು ಗೋಡೆ. ಇಂಥ ಜಾಗ ಬಿಲ್ಡರುಗಳ ಕಣ್ಣಿಗೆ ಬೀಳದೆ ಇರುತ್ತದೆಯೇ? ಬಿದ್ದಿತ್ತು. 1977ರಲ್ಲಿ ಆ ಪ್ರಾಂತದ ಜನ ಮತ ಹಾಕಿ, ಈ ತೋಟಗಳಲ್ಲಿ ಕಟ್ಟಡ ಏಳದಂತೆ ರಕ್ಷಣೆ ಕೊಟ್ಟರು. ಯುನೆಸ್ಕೋ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದ್ದು ಆಮೇಲೆ, 2007ರಲ್ಲಿ. ಅಂದರೆ ಮೊದಲು ಉಳಿಸಿಕೊಂಡವರು ಊರವರೇ. ಗೌರವ ನಂತರ ಬಂತು.

ಗಿರಗಾಂವ್, ದಾದರ್, ಫೋರ್ಟ್‌ಗಳಲ್ಲಿ ನಮ್ಮವರ ಎಷ್ಟು ಹಳೆಯ ಹೋಟೆಲುಗಳು ರಿಡೆವಲಪ್‌ಮೆಂಟ್ ಹೆಸರಿನಲ್ಲಿ ಮುಚ್ಚಿಹೋದವು ಎಂಬುದನ್ನು ನಾನು ಇಲ್ಲಿ ಹೇಳಬೇಕಾಗಿಲ್ಲ. ಮುಚ್ಚುವ ದಿನ ಹಳೆಯ ಗಿರಾಕಿಗಳು ಬಂದು ಕಣ್ಣೀರು ಹಾಕುತ್ತಾರೆ, ಪತ್ರಿಕೆಯಲ್ಲಿ ಒಂದು ಲೇಖನ ಬರುತ್ತದೆ, ಅಲ್ಲಿಗೆ ಮುಗಿಯಿತು. ಮುಚ್ಚುವ ಮೊದಲು ಆ ಗಿರಾಕಿಗಳನ್ನು ಒಟ್ಟು ಸೇರಿಸುವ ಕೆಲಸವನ್ನು ನಾವು ಯಾರೂ ಮಾಡಲಿಲ್ಲ.

ಎರಡನೆಯದು ಹೆಸರಿನ ಮಾತು. ಫ್ರಾನ್ಸಿನ ಶಾಂಪೇನ್ ಪ್ರಾಂತಕ್ಕೆ ಹೋದವರು ಎಪರ್ನೇ ಪಟ್ಟಣದ ದೊಡ್ಡ ಬೀದಿಯನ್ನೂ ಸುಣ್ಣಕಲ್ಲಿನ ನೆಲಮಾಳಿಗೆಗಳನ್ನೂ ನೋಡಿ ಬಾಯಿ ತೆರೆಯುತ್ತಾರೆ. ಆದರೆ ಆ ವೈಭವದ ಹಿಂದೆ ಒಂದು ಜಗಳವಿದೆ. ದೊಡ್ಡ ಕಂಪೆನಿಗಳಲ್ಲಿ ಕೆಲವು ಹೊರಗಿನಿಂದ ಅಗ್ಗದ ದ್ರಾಕ್ಷಿ ರಸ ತರಿಸಿ ಶಾಂಪೇನ್ ಹೆಸರಿನಲ್ಲಿ ಮಾರುತ್ತಿದ್ದಾಗ ಸ್ಥಳೀಯ ಬೆಳೆಗಾರರು 1911ರಲ್ಲಿ ದಂಗೆ ಎದ್ದರು, ಆಯಿ ಎಂಬ ಊರಿನಲ್ಲಿ ಕಂಪೆನಿಗಳ ಕಟ್ಟಡಗಳಿಗೆ ಬೆಂಕಿ ಬಿತ್ತು. 1927ರ ಕಾನೂನು ಗಡಿಯನ್ನು ಖಚಿತಪಡಿಸಿತು. 1941ರಲ್ಲಿ ಬೆಳೆಗಾರರೂ ಕಂಪೆನಿಯವರೂ ಸೇರಿದ ಒಂದೇ ಸಮಿತಿ ಆಯಿತು. ಇಂದು ಜಗತ್ತಿನ ಎಲ್ಲಿಯಾದರೂ ಆ ಹೆಸರನ್ನು ತಪ್ಪಾಗಿ ಬಳಸಿದರೆ ಆ ಸಮಿತಿಯ ನೋಟಿಸು ಹೋಗುತ್ತದೆ.

ಅದು ಎಷ್ಟು ಕಟ್ಟುನಿಟ್ಟು ಎಂದರೆ, ಸ್ವಿಟ್ಜರ್ಲೆಂಡಿನಲ್ಲಿ ಶಾಂಪೇನ್ ಎಂಬ ಹೆಸರಿನದೇ ಒಂದು ಹಳ್ಳಿ ಇದೆ. ಅವರೂ ವೈನ್ ಮಾಡುವವರೇ. ಆದರೆ 2004ರಿಂದ ತಮ್ಮ ವೈನಿನ ಬಾಟಲಿಯ ಮೇಲೆ ತಮ್ಮ ಸ್ವಂತ ಊರಿನ ಹೆಸರನ್ನು ಹಾಕುವಂತಿಲ್ಲ! ಇದು ಅತಿಯಾಯಿತು ಎಂದು ನನಗೂ ಅನಿಸುತ್ತದೆ. ಆ ಹಳ್ಳಿಯವರ ಮೇಲೆ ಕನಿಕರವೂ ಇದೆ. ಆದರೆ ಹೆಸರಿಗೆ ಬೆಲೆ ಇದೆ ಎಂದು ನಂಬಿದವರು ಹೇಗೆ ನಡೆದುಕೊಳ್ಳುತ್ತಾರೆ ಎಂಬುದಕ್ಕೆ ಇದಕ್ಕಿಂತ ದೊಡ್ಡ ಉದಾಹರಣೆ ಬೇಡ.

ಈಗ ನಮ್ಮ "ಉಡುಪಿ" ಎಂಬ ಹೆಸರಿಗೆ ಬನ್ನಿ. ಭಾರತದ ಯಾವ ನಗರದಲ್ಲಿ ಈ ಬೋರ್ಡ್ ಇಲ್ಲ? ನಮ್ಮ ಹಿರಿಯರು ಹಿಟ್ಟು ರುಬ್ಬಿ, ಪಾತ್ರೆ ತೊಳೆದು, ಹೋಟೆಲಿನಲ್ಲೇ ಮಲಗಿ, ರಾತ್ರಿ ಶಾಲೆಯಲ್ಲಿ ಕಲಿತು ಗಳಿಸಿಕೊಟ್ಟ ಹೆಸರು ಅದು. ಶುಚಿ, ರುಚಿ, ಮಿತವಾದ ದರ ಎಂಬ ಮೂರೂ ಅರ್ಥ ಆ ಒಂದು ಶಬ್ದದಲ್ಲಿತ್ತು. ಇಂದು ಸಿದ್ಧ ಹಿಟ್ಟು, ಸಿದ್ಧ ಪುಡಿ ತಂದು, ಸಾಂಬಾರಿಗೆ ಸಕ್ಕರೆ ಸುರಿದು ಯಾರು ಬೇಕಾದರೂ ಈ ಬೋರ್ಡ್ ಹಾಕುತ್ತಾರೆ. ನಾವು ಸುಮ್ಮನಿದ್ದೇವೆ. ಸುಮ್ಮನಿರಲು ಕಾರಣವೂ ಇದೆ. ನಮ್ಮಲ್ಲೇ ಕೆಲವರು ಹಾಗೆ ಮಾಡುತ್ತಿದ್ದೇವೆ.

"ನೀವು ಉಡುಪಿಯವರೇ?" ಎಂದು ನನ್ನನ್ನೇ ಯಾರಾದರೂ ಕೇಳಬಹುದು. ಅಲ್ಲ, ನಾನು ಕುಂದಾಪುರ ಕಡೆಯವನು. ನನ್ನ ಬೋರ್ಡಿನಲ್ಲೂ ಉಡುಪಿ ಎಂದೇ ಇದೆ. ಆದ್ದರಿಂದ ಊರು ನೋಡಿ ಒಳಗೆ ಹೊರಗೆ ಎಂದು ಮಾಡಬೇಕೆಂದು ನಾನು ಹೇಳುತ್ತಿಲ್ಲ, ಕೋರ್ಟಿಗೆ ಹೋಗಬೇಕೆಂದೂ ಅಲ್ಲ. ಈ ಹೆಸರು ಹಾಕಿದವನು ಅಡುಗೆಮನೆಯಲ್ಲಿ ಕನಿಷ್ಠ ಏನು ಪಾಲಿಸಬೇಕು ಎಂಬ ಒಂದು ಪುಟದ ನಿಯಮವನ್ನಾದರೂ ಸಂಘ ಬರೆದಿಡಬೇಕು. ಪಾಲಿಸುವ ಸದಸ್ಯರಿಗೆ ಗೋಡೆಗೆ ಹಾಕಲು ಒಂದು ಗುರುತು ಕೊಡಬೇಕು. ಇಟಲಿಯ ಕಿಯಾಂಟಿ ಕ್ಲಾಸಿಕೋ ಪ್ರಾಂತದವರು ಬಾಟಲಿಯ ಕುತ್ತಿಗೆಗೆ ಕಪ್ಪು ಹುಂಜದ ಗುರುತು ಹಾಕುವುದು ಇದೇ ಕಾರಣಕ್ಕೆ.

ಜೊತೆಗೆ ನಮ್ಮ ಕೈಯಲ್ಲೇ ಇರುವ ಹೆಸರುಗಳನ್ನು ನಾವು ಬಳಸುತ್ತಿಲ್ಲ. ವಾದಿರಾಜ ಸ್ವಾಮಿಗಳು ಕೊಟ್ಟ ಬೀಜ ಎಂದು ಊರವರು ನಂಬುವ ಮಟ್ಟು ಗುಳ್ಳಕ್ಕೂ ಬ್ಯಾಡಗಿ ಮೆಣಸಿಗೂ 2011ರಲ್ಲೇ ಭೌಗೋಳಿಕ ಗುರುತು ಸಿಕ್ಕಿತು. ಕೊಡಗು, ಚಿಕ್ಕಮಗಳೂರು, ಬಾಬಾಬುಡನ್‌ಗಿರಿಯ ಅರೇಬಿಕಾ ಕಾಫಿಗಳಿಗೆ 2019ರಲ್ಲಿ ಸಿಕ್ಕಿತು. ಹೊಸ ಕಾಲದ ಕೆಫೆಯವರು ಚಿಕ್ಕಮಗಳೂರು ಎಂದು ಫಲಕದಲ್ಲಿ ಬರೆದು ಒಂದು ಲೋಟಕ್ಕೆ ನಮ್ಮ ಮೂರರಷ್ಟು ದರ ತೆಗೆದುಕೊಳ್ಳುತ್ತಾರೆ. ಅದೇ ಬೀಜದ ಕಾಫಿಯನ್ನು ಅಜ್ಜನ ಕಾಲದಿಂದ ಕೊಡುತ್ತಿರುವ ನಾವು ದರಪಟ್ಟಿಯಲ್ಲಿ "ಕಾಫಿ" ಎಂದಷ್ಟೇ ಬರೆಯುತ್ತೇವೆ. ವೈನರಿಯಲ್ಲಿ ಒಂದು ಗ್ಲಾಸ್ ಕೊಡುವ ಮೊದಲು ಯಾವ ಇಳಿಜಾರು, ಯಾವ ಮಣ್ಣು, ಯಾವ ವರ್ಷದ ಬೆಳೆ ಎಂದು ಹೇಳುತ್ತಾರೆ. ಹೇಳುವುದಕ್ಕೆ ಖರ್ಚಿಲ್ಲ, ಗೊತ್ತಿರಬೇಕು ಅಷ್ಟೇ.

ಇದೆಲ್ಲ ದೊಡ್ಡವರ ಮಾತಾಯಿತು, ಸಣ್ಣ ಹೋಟೆಲಿನವರಿಗೆ ಏನು ಎಂದು ಕೇಳುವವರು ವಿಯೆನ್ನಾಕ್ಕೆ ಹೋಗಬೇಕು. ಆ ರಾಜಧಾನಿಯ ಮಿತಿಯೊಳಗೇ ಸುಮಾರು 600 ಹೆಕ್ಟೇರ್ ದ್ರಾಕ್ಷಿ ತೋಟವಿದೆ. 1784ರಲ್ಲಿ ಚಕ್ರವರ್ತಿ ಎರಡನೇ ಜೋಸೆಫ್ ಬೆಳೆಗಾರರಿಗೆ ತಮ್ಮ ಮನೆಯಲ್ಲೇ ಸ್ವಂತ ವೈನ್ ಮಾರುವ ಅನುಮತಿ ಕೊಟ್ಟ. ಅಂದಿನಿಂದ ನಡೆದುಬಂದ ಜಾಗಗಳಿಗೆ ಹೊಯ್ರಿಗರ್ ಎನ್ನುತ್ತಾರೆ. ಬಾಗಿಲಿಗೆ ಹಸಿರು ಸೊಪ್ಪಿನ ಕಟ್ಟು ತೂಗುಹಾಕಿದ್ದರೆ ಅಂಗಡಿ ತೆರೆದಿದೆ ಎಂದರ್ಥ. ಮರದ ಬೆಂಚು, ಬ್ರೆಡ್ಡು, ಚೀಸು, ಆಲೂಗಡ್ಡೆಯ ಸಲಾಡು. ಆಡಂಬರ ಏನೂ ಇಲ್ಲ. ಮನೆಯವರೇ ಬಡಿಸುತ್ತಾರೆ. ನನಗಂತೂ ನಮ್ಮ ಹಳೆಯ ಖಾನಾವಳಿಯ ನೆನಪಾಯಿತು. ಅವರು ಅದನ್ನು ಹಳತು ಎಂದು ಬಿಸಾಡಲಿಲ್ಲ, ಏಸಿ ಹಾಕಿ ಚೈನೀಸ್ ಸೇರಿಸಲಿಲ್ಲ. ತಮ್ಮಲ್ಲಿ ಇದ್ದದ್ದನ್ನೇ ಕೊಟ್ಟು ಉಳಿದಿದ್ದಾರೆ.

ಮೂರನೆಯದು ಮುಂದಿನ ತಲೆಮಾರು. ಇದನ್ನು ಬರೆಯುವಾಗ ಮನಸ್ಸು ಭಾರವಾಗುತ್ತದೆ. ಇಟಲಿಯ ಫ್ಲಾರೆನ್ಸಿನ ಆಂಟಿನೋರಿ ಮನೆತನ ವೈನ್ ವ್ಯಾಪಾರಿಗಳ ಸಂಘಕ್ಕೆ ಸೇರಿದ್ದು 1385ರಲ್ಲಿ. ಇಂದು 26ನೇ ತಲೆಮಾರು ನಡೆಸುತ್ತಿದೆ. ಆ ಮನೆಯ ಈಗಿನ ಹಿರಿಯರಿಗೆ ಮೂವರೂ ಹೆಣ್ಣುಮಕ್ಕಳು. ಆ ಮೂವರೂ ಉದ್ಯಮದಲ್ಲಿದ್ದಾರೆ, ಹಿರಿಯ ಮಗಳು ಕಂಪೆನಿಯ ಅಧ್ಯಕ್ಷೆ. 2012ರಲ್ಲಿ ಅವರು ತೆರೆದ ಹೊಸ ವೈನರಿ ಬಹುಪಾಲು ನೆಲದೊಳಗೇ ಇದೆ, ಮೇಲೆ ದ್ರಾಕ್ಷಿ ಬಳ್ಳಿ. ಬಂದವರು ಕೆಲಸವನ್ನು ಕಣ್ಣಾರೆ ನೋಡಬಹುದು.

ನಮ್ಮಲ್ಲಿ ಎರಡನೇ ತಲೆಮಾರಿಗೇ ಗಲ್ಲಾದಲ್ಲಿ ಕೂರುವವರಿಲ್ಲ. "ನನ್ನ ಕಷ್ಟ ನನಗೇ ಸಾಕು, ಮಗ ಇಂಜಿನಿಯರ್ ಆಗಲಿ" ಎಂದವರು ನಾವೇ. ಮಗಳನ್ನಂತೂ ಲೆಕ್ಕಕ್ಕೇ ಹಿಡಿಯಲಿಲ್ಲ. ಮಕ್ಕಳು ಬರಲಿಲ್ಲ ಎಂದು ದೂರುವ ಮೊದಲು, ಈ ಕೆಲಸ ಹೆಮ್ಮೆಯದ್ದು ಎಂದು ನಾವು ಅವರಿಗೆ ಎಂದಾದರೂ ತೋರಿಸಿದ್ದೇವೆಯೇ? ಲಾವೋದ ಒಂದು ಸಣ್ಣ ತೋಟದಲ್ಲಿ ಯಜಮಾನ ಕೆಸರಿನ ಬೂಟಿನಲ್ಲೇ ಬಂದು, ತನ್ನ ಅಜ್ಜ ಕಟ್ಟಿದ ಗೋಡೆ ಇದು ಎಂದು ಕೈಯಿಟ್ಟು ತೋರಿಸಿದಾಗ ನನ್ನ ಮಗ ನನ್ನ ಮುಖ ನೋಡಿದ. "ಅಪ್ಪ, ನಮ್ಮ ಅಡುಗೆಮನೆಗೆ ನೀವು ನನ್ನನ್ನು ಒಮ್ಮೆಯೂ ಹೀಗೆ ಕರೆದುಕೊಂಡು ಹೋಗಲಿಲ್ಲ" ಎಂದ. ನನ್ನಲ್ಲಿ ಉತ್ತರವಿರಲಿಲ್ಲ.

ಅಲ್ಲಿ ಎಲ್ಲವೂ ಚೆನ್ನಾಗಿದೆ ಎಂದು ಯಾರೂ ತಿಳಿಯಬಾರದು. ಫ್ರಾನ್ಸಿನಲ್ಲಿ ವೈನ್ ಕುಡಿಯುವವರು ಕಡಿಮೆಯಾಗಿ, 2023ರಲ್ಲಿ ಬೋರ್ಡೋ ಪ್ರಾಂತದಲ್ಲಿ ಸುಮಾರು 9,500 ಹೆಕ್ಟೇರ್ ಬಳ್ಳಿಗಳನ್ನು ಪರಿಹಾರ ಕೊಟ್ಟು ಕೀಳಿಸುವ ಯೋಜನೆ ಬಂತು. ಬರೀ ಹೆಸರಿನ ಮೇಲೆ ಬದುಕಲು ಆಗುವುದಿಲ್ಲ ಎಂಬ ಪಾಠವೂ ಅಲ್ಲಿಯೇ ಇದೆ. ಅದಕ್ಕೇ ಅನೇಕ ತೋಟದವರು ಈಗ ಪ್ರವಾಸಿಗಳಿಗೆ ಬಾಗಿಲು ತೆರೆದು, ಊಟ ಹಾಕಿ, ಕೋಣೆ ಕೊಟ್ಟು ಆದಾಯ ಕೂಡಿಸುತ್ತಿದ್ದಾರೆ. ಅಂದರೆ ಅವರು ನಮ್ಮ ಕಸುಬಿಗೆ ಬರುತ್ತಿದ್ದಾರೆ!

ಆದ್ದರಿಂದ ಕಾರ್ಯಕಾರಿ ಸಮಿತಿಗೆ ನನ್ನ ವಿನಂತಿ ಇಷ್ಟು. ಮುಂದಿನ ಅಧ್ಯಯನ ಪ್ರವಾಸ ನಲವತ್ತು ಜನರ ಬಸ್ ಆಗದಿರಲಿ, ಹದಿನೈದು ಜನ ಸಾಕು. ಸೆಪ್ಟೆಂಬರಿನಲ್ಲಿ, ಕೊಯ್ಲಿನ ಸಮಯದಲ್ಲಿ ಹೋದರೆ ಕೆಲಸ ನೋಡಲು ಸಿಗುತ್ತದೆ. ಆದರೆ ಆಗ ಅವರಿಗೆ ಪುರುಸೊತ್ತಿಲ್ಲ, ತಿಂಗಳುಗಳ ಮೊದಲೇ ಸಮಯ ನಿಗದಿ ಮಾಡಬೇಕು. ದಿನಕ್ಕೆ ಎರಡು ವೈನರಿಗಿಂತ ಹೆಚ್ಚು ಬೇಡ. ನೆಲಮಾಳಿಗೆ ತಣ್ಣಗಿರುತ್ತದೆ, ಸ್ವೆಟರ್ ಇರಲಿ. ರುಚಿ ನೋಡಿ ಉಗುಳಲು ಪಾತ್ರೆ ಇಟ್ಟಿರುತ್ತಾರೆ, ಉಗುಳುವುದು ಅಲ್ಲಿ ಅವಮಾನವಲ್ಲ. ಕುಡಿಯದವರಿಗೆ ಯಾರೂ ಒತ್ತಾಯ ಮಾಡುವುದಿಲ್ಲ. ಸಸ್ಯಾಹಾರಿಗಳು ಒಂದು ವಿಷಯ ತಿಳಿದಿರಲಿ: ಕೆಲವು ವೈನುಗಳನ್ನು ತಿಳಿಗೊಳಿಸಲು ಮೊಟ್ಟೆಯ ಬಿಳಿ ಅಥವಾ ಮೀನಿನಿಂದ ತೆಗೆದ ಅಂಟು ಬಳಸುತ್ತಾರೆ, ಕೇಳಿದರೆ ಹೇಳುತ್ತಾರೆ. ಹದಿನೈದು ಜನರಲ್ಲಿ ಕನಿಷ್ಠ ಐದು ಮಂದಿ ನಮ್ಮ ಮಕ್ಕಳಿರಲಿ, ಹೆಣ್ಣುಮಕ್ಕಳೂ ಇರಲಿ. ಸಾಧ್ಯವಾದರೆ ಒಬ್ಬಿಬ್ಬರು ಹಿರಿಯ ಅಡುಗೆ ಭಟ್ಟರನ್ನೂ ಕರೆದುಕೊಂಡು ಹೋಗೋಣ.

ಅಷ್ಟು ದೂರ ಹೋಗಲಾಗದವರು ನಾಸಿಕಕ್ಕಾದರೂ ಹೋಗಿ ಬನ್ನಿ, ಮುಂಬಯಿಯಿಂದ ಕಾರಿನಲ್ಲಿ ಅರ್ಧ ದಿನದ ದಾರಿ. ಅಲ್ಲಿ ಸುಲಾದವರು 2005ರಲ್ಲೇ ರುಚಿ ನೋಡುವ ಕೋಣೆ ತೆರೆದು ಈ ಪದ್ಧತಿಯನ್ನು ನಮ್ಮ ಮಗ್ಗುಲಿಗೇ ತಂದಿದ್ದಾರೆ. ಊರಿಗೆ ಹೋದಾಗ ಮಟ್ಟುವಿನ ಗುಳ್ಳದ ಗದ್ದೆಗೂ ಒಮ್ಮೆ ಇಳಿಯಿರಿ.

ನಾನು ಊರಿಂದ ಬಂದ ಮೇಲೆ ಮಾಡಿದ್ದು ಒಂದೇ ಕೆಲಸ. ದರಪಟ್ಟಿಯಲ್ಲಿ ಕಾಫಿಯ ಕೆಳಗೆ ಬೀಜ ಎಲ್ಲಿಂದ ಬರುತ್ತದೆ ಎಂದು ಒಂದು ಸಾಲು ಬರೆಸಿದೆ. ದರ ಏರಿಸಲಿಲ್ಲ. ಮೊದಲ ವಾರದಲ್ಲೇ ಗಿರಾಕಿಗಳು ಸಪ್ಲಾಯರನ್ನು ನಿಲ್ಲಿಸಿ ಕೇಳತೊಡಗಿದರು. ಅವನಿಗೆ ಉತ್ತರ ಗೊತ್ತಿರಲಿಲ್ಲ, ನನ್ನ ಬಳಿ ಬಂದ. ಈಗ ಅವನಿಗೂ ಗೊತ್ತು. ಶನಿವಾರ ಸಂಜೆ ಮಗ ಬಂದು ಕೌಂಟರಿನ ಪಕ್ಕ ನಿಲ್ಲುತ್ತಾನೆ, ಕೇಳಿದವರಿಗೆ ಅವನೇ ಹೇಳುತ್ತಾನೆ.